ಹೊಂಬಳ ಸರ್ ಕೊಟ್ಟ ಕೊನೆಯ ಸ್ಟ್ರೈಕ್

ಸೋಮವಾರ ಬೆಳಿಗ್ಗೆ ಹೊಂಬಳ ಸರ್ ಮೈಮೇಲೆ ಎಲ್ಲಿ ನೀಲಿಗಟ್ಟಿದೆ ಎಂದು ನೋಡಿದರೆ ಸಾಕು, ಭಾನುವಾರದ ಬೇಸ್‌ಬಾಲ್ ಆಟ ಹೇಗಿತ್ತೆಂದು ಹೇಳಬಹುದಿತ್ತು. ಮೊಣಕೈ ಮೇಲೆ ಗುಂಡನೆಯ ಕಲೆಯಿದ್ದರೆ ಚೆಂಡು ಎಸೆದವನು ಹೊಸಬ. ಕುತ್ತಿಗೆಯ ಬುಡದಲ್ಲಿದ್ದರೆ ಅದನ್ನು ಹಿಡಿಯಬೇಕಾದವನು ಸೋಮಾರಿ. ಎಲ್ಲೂ ಕಲೆ ಇಲ್ಲದಿದ್ದರೆ ಅವತ್ತು ಅವರಿಗೆ ಪ್ಲೇಟಿನ ಹಿಂದೆ, ಎಸೆತದ ಎದುರಿಗೆ ನಿಲ್ಲುವ ಅಂಪೈರ್ ಕೆಲಸ ಸಿಕ್ಕಿಲ್ಲ, ದೂರದ ಬೇಸಿನ ಹತ್ತಿರ ನಿಂತು ಬಂದಿದ್ದಾರೆ ಎಂದರ್ಥ. ಅಂಥ ಸೋಮವಾರಗಳಲ್ಲಿ ಮುಖ ಸಪ್ಪಗಿರುತ್ತಿತ್ತು.

ವಿರೂಪಾಕ್ಷಪ್ಪ ಹೊಂಬಳ ಗದಗಿನ ಕಡೆಯವರು. ಈ ಪರದೇಶದಲ್ಲಿ, ಸೆರಿಟೋಸ್ ಎಂಬ ಊರಿನಲ್ಲಿ ಮನೆ, ನೀರು ಸರಬರಾಜಿನ ಇಲಾಖೆಯಲ್ಲಿ ಇಂಜಿನಿಯರ್ ಕೆಲಸ. ವಾರವೆಲ್ಲ ನೆಲದೊಳಗಿನ ಪೈಪುಗಳ ನಕ್ಷೆ ನೋಡುವುದು, ಭಾನುವಾರ ಬೇಸ್‌ಬಾಲ್ ಅಂಪೈರಿಂಗ್. ಕಚೇರಿ, ಮನೆ, ಮಕ್ಕಳು ಎಂದು ಬದುಕುವ ಹವ್ಯಾಸಿಗಳು ವಾರಕ್ಕೊಮ್ಮೆ ಆಡುವ ಲೀಗ್ ಅದು. ಇವರಿಗೆ ಮಾತ್ರ ಅದು ಹವ್ಯಾಸವಾಗಿರಲಿಲ್ಲ.

ನನಗೆ ಅವರು ಪರಿಚಯವಾದದ್ದು 2001ರಲ್ಲಿ, ಗಿರಾಕಿಯಾಗಿ. ನಾನು ಪಕ್ಕದ ಆರ್ಟೀಷಿಯಾದಲ್ಲಿ ಹಳೆಯ ಕಾರುಗಳ ವ್ಯಾಪಾರ ಮಾಡುತ್ತೇನೆ. ಬೆಂಗಳೂರಿನ ಗ್ಯಾರೇಜೊಂದರಲ್ಲಿ ಸ್ಪ್ಯಾನರ್ ಹಿಡಿದು ಶುರು ಮಾಡಿದವನು, ಮನುಷ್ಯ ಕಾರಿನ ಸುತ್ತ ಒಂದು ಸುತ್ತು ಬರುವುದರೊಳಗೆ ಅವನು ಎಷ್ಟಕ್ಕೆ ಒಪ್ಪುತ್ತಾನೆಂದು ಅಳೆಯಬಲ್ಲೆ. ಇವರು ಸುತ್ತು ಹಾಕಲೇ ಇಲ್ಲ. ನೇರವಾಗಿ ಹಿಂದೆ ಹೋಗಿ ಡಿಕ್ಕಿ ತೆಗೆಸಿ, ಅದರ ಅಂಚಿನ ಮೇಲೆ ಕೂತು, ಒಂದೊಂದೇ ಕಾಲನ್ನು ಎತ್ತಿ ಮಡಚಿ ನೋಡಿದರು.

"ಸರ್, ಇಂಜಿನ್ ನೋಡಲ್ವಾ?" ಎಂದೆ.

"ಇಂಜಿನ್ ನೋಡಿದ್ರ ನಂಗೇನ್ ತಿಳೀತದ? ಕೂಡಾಕ ಛಲೋ ಅದ. ಇದನ್ನ ಕೊಡು."

ಚೌಕಾಸಿ ಮಾಡಲಿಲ್ಲ. ಅಂಥ ಗಿರಾಕಿ ಬಂದಾಗ ಖುಷಿಪಡಬೇಕು, ನನಗೇಕೋ ಸೋತಂತಾಯಿತು. ಹಳೆಯ ಕಾರು ಕೊಳ್ಳುವವರಿಗೆ ನಾನು ಈಗಲೂ ಹೇಳುವುದು ಒಂದೇ: ಮೊದಲು ಇಂಜಿನ್ ನೋಡಿ, ಮೆಚ್ಚಿದ್ದನ್ನು ಮುಖದಲ್ಲಿ ತೋರಿಸಬೇಡಿ.

ಡಿಕ್ಕಿಯ ಗುಟ್ಟು ಮುಂದಿನ ಭಾನುವಾರ ಅವರ ಜೊತೆ ಆಟಕ್ಕೆ ಹೋದಾಗ ತಿಳಿಯಿತು. ಆ ಮೈದಾನಗಳಲ್ಲಿ ಅಂಪೈರುಗಳಿಗೆ ಕೋಣೆ ಗೀಣೆ ಇರುವುದಿಲ್ಲ, ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಹಿಂದೆಯೇ ಸಿದ್ಧವಾಗಬೇಕು. ಮೊದಲು ಮೊಳಕಾಲಿನಿಂದ ಪಾದದವರೆಗೆ ಗಾರ್ಡು. ಆಮೇಲೆ ಮುಂದೆ ಉಕ್ಕಿನ ತಗಡಿರುವ ಶೂ. ಎದೆಯ ಕವಚ ನೀಲಿ ಅಂಗಿಯ ಒಳಗೆ. ಬಲ ಸೊಂಟಕ್ಕೆ ಚೆಂಡುಗಳ ಚೀಲ, ಜೇಬಿನಲ್ಲಿ ಪುಟ್ಟ ಬ್ರಷ್. ಕೊನೆಗೆ ಮಾಸ್ಕು. ಅದನ್ನು ಎಡಗೈಯಿಂದಲೇ ತೆಗೆಯಬೇಕು, ಟೋಪಿ ಅಲುಗಬಾರದು, ಬಲಗೈ ತೀರ್ಪು ಕೊಡಲು ಖಾಲಿ ಇರಬೇಕು. ಗಿರಿಜಕ್ಕ, ಅಂದರೆ ಅವರ ಹೆಂಡತಿ, "ನಮ್ಮ ಮದುವ್ಯಾಗ ಧೋತರ ಉಟ್ಕೊಳ್ಳಾಕ ಇಷ್ಟು ಹೊತ್ತು ತಗೊಂಡಿರಲಿಲ್ಲ" ಎನ್ನುತ್ತಿದ್ದರು.

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು. ನೆಲದಲ್ಲಿ ಒಂದು ಬಿಳಿ ಹಲಗೆ, ಅದೇ ಪ್ಲೇಟು. ಎಸೆದ ಚೆಂಡು ಅದರ ಅಗಲದೊಳಗೆ, ಬ್ಯಾಟು ಹಿಡಿದವನ ಮೊಣಕಾಲಿಗೂ ಎದೆಗೂ ನಡುವೆ ಹಾದುಹೋದರೆ ಸ್ಟ್ರೈಕ್. ಹೊರಗೆ ಹೋದರೆ ಬಾಲ್. ಮೂರು ಸ್ಟ್ರೈಕಿಗೆ ಔಟ್. ಚೆಂಡು ಹಿಡಿಯುವ ಕ್ಯಾಚರನ ಬೆನ್ನಿಗೆ ಬಗ್ಗಿ ನಿಂತು, ಕಣ್ಣು ಮಿಟುಕಿಸುವಷ್ಟರಲ್ಲಿ ಅದನ್ನು ಹೇಳುವವನೇ ಪ್ಲೇಟ್ ಅಂಪೈರ್. ಒಂದು ಆಟದಲ್ಲಿ ಇನ್ನೂರೈವತ್ತು ಸಲವಾದರೂ ಹೇಳಬೇಕು.

ಹುಬ್ಬಳ್ಳಿಯಲ್ಲಿ ಕಾಲೇಜು ಓದುವಾಗ ಅವರು ಕ್ರಿಕೆಟ್ ಅಂಪೈರಿಂಗ್ ಮಾಡಿದ್ದರು. ಇಲ್ಲಿ ಯಾರೋ ಸಹೋದ್ಯೋಗಿ ಆಳಿಲ್ಲವೆಂದು ಎಳೆದುಕೊಂಡು ಹೋಗಿ ನಿಲ್ಲಿಸಿದ್ದ. ಮೊದಲ ಆಟದಲ್ಲಿ ಒಬ್ಬನಿಗೆ ಮೂರನೇ ಸ್ಟ್ರೈಕ್ ಆಯಿತು. ಇವರು ಗಂಭೀರವಾಗಿ, ಬಾಯಿ ಬಿಡದೆ, ತೋರುಬೆರಳನ್ನು ಮೇಲೆತ್ತಿದರು. ಅವನು ಹೋಗಲಿಲ್ಲ. ಒಂದೇ ಸ್ಟ್ರೈಕ್ ಎಂದು ಎಣಿಸುತ್ತಿದ್ದಾರೆಂದುಕೊಂಡು ಮತ್ತೆ ಬ್ಯಾಟು ತಿರುಗಿಸಿ ನಿಂತ. ಇವರೂ ಬೆರಳು ಇಳಿಸಲಿಲ್ಲ.

"ಹುಬ್ಬಳ್ಳ್ಯಾಗ ಬಟ್ಟು ಎತ್ತಿದ್ರ ಮಂದಿ ಹೊಕ್ಕಿದ್ರಪಾ," ಎಂದು ಆ ಕಥೆ ಹೇಳಿ ನಗುತ್ತಿದ್ದರು. "ಇಲ್ಲಿ ಒದರಬೇಕು, ಮುಷ್ಟಿ ಹೊಡೀಬೇಕು. ಒಂದು ವರ್ಷ ಬಚ್ಚಲದಾಗ ನಿಂತು ಒದರೋದು ಕಲ್ತೆ."

ಗಿರಿಜಕ್ಕ ಸೇರಿಸುತ್ತಿದ್ದರು: "ಬಾಜೂ ಮನಿಯವರು ಪೊಲೀಸ್‌ಗೆ ಫೋನ್ ಮಾಡೂದೊಂದು ಬಾಕಿ ಇತ್ತು."

ನನಗೆ ಹೊಂಬಳ ಸರ್ ಮೇಲೆ ಸಿಟ್ಟು ಬಂದದ್ದು ಒಂದೇ ಸಲ. ಬೇಸುಗಳನ್ನು ಸುತ್ತಿ ಓಡಿ ಬಂದವನು, ರನ್ ಆಗಬೇಕಾದರೆ ತುಳಿಯಲೇಬೇಕಾದ ಪ್ಲೇಟನ್ನು ತುಳಿಯದೆ ದಾಟಿದ. ಕ್ಯಾಚರ್ ಕೂಡ ಅವನನ್ನು ಚೆಂಡಿನಿಂದ ಮುಟ್ಟಲಿಲ್ಲ. ಹೊಂಬಳ ಸರ್ ಔಟೂ ಅನ್ನಲಿಲ್ಲ, ಸೇಫೂ ಅನ್ನಲಿಲ್ಲ, ಕಂಬದ ಹಾಗೆ ನಿಂತರು. ಎದುರಾಳಿಗಳು ಯಾರೂ ಕೇಳಲಿಲ್ಲ. ಮುಂದಿನ ಚೆಂಡು ಎಸೆದಾಯಿತು, ರನ್ ಉಳಿಯಿತು. ಬೇಲಿಯ ಆಚೆಗೆ ನಿಂತಿದ್ದ ನನಗೇ ಕಂಡಿತ್ತು. ವಾಪಸ್ ಬರುವಾಗ ಕೇಳಿದೆ.

"ನಿಮಗೆ ಕಾಣ್ಲಿಲ್ವಾ ಸರ್?"

"ಕಾಣ್ತು."

"ಮತ್ತೆ ಹೇಳೋದಲ್ವಾ?"

"ಅವ್ರು ಕೇಳಿದ್ರ ಹೇಳಬೇಕು, ರೂಲ್ ಹಂಗದ. ಕೇಳಲಾರದಕ್ಕ ಉತ್ರ ಕೊಡೂದು ನನ್ನ ಕೆಲಸ ಅಲ್ಲೋ ತಮ್ಮಾ, ಅದು ನಿಂದು."

ಅದು ನಿಜ. ಅವರ ಮನೆಯ ರೂಫಿಂಗಿನಿಂದ ಹಿಡಿದು ಸ್ಯಾಂಟಾ ಕ್ಲಾರಿಟಾದಲ್ಲಿದ್ದ ಮಗಳ ಮನೆಯ ಸಾಲದವರೆಗೆ ನಾನು ಕೇಳದೆ ಕೊಟ್ಟ ಸಲಹೆಗಳಿಗೆ ಲೆಕ್ಕವಿಲ್ಲ. ಹೆಚ್ಚಿನವು ಒಳ್ಳೆಯವೇ ಆಗಿದ್ದವು. ಆದರೆ ಅವರೇ ಬಾಯಿಬಿಟ್ಟು ನನ್ನನ್ನು ಸಲಹೆ ಕೇಳಿದ್ದು ಒಮ್ಮೆ ಮಾತ್ರ.

2006ರ ಬೇಸಿಗೆ. ಸಾಯಂಕಾಲ ನನ್ನ ಕಾರಿನಂಗಡಿಗೆ ಬಂದು ನನ್ನ ಕುರ್ಚಿಯ ಎದುರು ಕೂತರು. ಗೋಡೆಯ ಕ್ಯಾಲೆಂಡರ್ ಕಡೆ ನೋಡಿ ಎಡಗಣ್ಣು ಮುಚ್ಚಿದರು, ತೆರೆದರು, ಬಲಗಣ್ಣು ಮುಚ್ಚಿದರು.

"ನೆಟ್ಟಗಿರೋ ಗೆರಿ ಡೊಂಕ ಕಾಣ್ತದ," ಎಂದರು. "ಬಲಗಣ್ಣಿಗೆ. ಬಚ್ಚಲದ ಟೈಲ್ಸ್ ನೋಡಿ ಹಚ್ಚಿದಾಂವನ್ನ ಬೈದೆ. ಆಮ್ಯಾಲೆ ತಿಳೀತು, ಟೈಲ್ಸ್ ನೆಟ್ಟಗೇ ಅದಾವ."

ಡಾಕ್ಟರು ನೋಡಿದ್ದರು. ಕಣ್ಣಿನ ಪರದೆಯ ನಡುಭಾಗ ಸವೆಯುತ್ತಿದೆ, ಇಂಜೆಕ್ಷನ್ ಕೊಟ್ಟರೆ ಸ್ವಲ್ಪ ನಿಧಾನವಾಗಬಹುದು, ಹೋದದ್ದು ಮರಳಿ ಬರುವುದಿಲ್ಲ ಎಂದಿದ್ದರಂತೆ. ಗಿರಿಜಕ್ಕನಿಗೆ ಹೇಳಿರಲಿಲ್ಲ. ಲೀಗಿಗಂತೂ ಹೇಳಿರಲಿಲ್ಲ. ಅದಕ್ಕೆ ಕಾರಣವೂ ಇತ್ತು. ಮೂರು ವಾರಕ್ಕೆ ಸ್ಯಾನ್ ಡಿಯಾಗೋದಲ್ಲಿ ಫೈನಲ್. ಇಪ್ಪತ್ತು ವರ್ಷ ಕಾದ ಮೇಲೆ ಫೈನಲ್ಲಿನ ಪ್ಲೇಟು ಅವರಿಗೆ ಬಂದಿತ್ತು.

"ಏನ್ ಮಾಡ್ಲಿ ಹೇಳು. ಬ್ಯಾಡಂತ ಫೋನ್ ಮಾಡ್ಲೋ?"

ನಾನು ಯೋಚಿಸಲಿಲ್ಲ. ಕೈಗೆ ಬಂದದ್ದನ್ನು ಬಿಟ್ಟು ನನಗೆ ಗೊತ್ತಿಲ್ಲ. "ಇನ್ನೊಂದು ಕಣ್ಣು ಚೆನ್ನಾಗಿದೆ ತಾನೇ ಸರ್? ಒಂದೇ ಒಂದು ಆಟ. ಇಪ್ಪತ್ತು ವರ್ಷದಲ್ಲಿ ನಿಮ್ಮನ್ನ ಯಾರಾದ್ರೂ ಸಂಶಯಪಟ್ಟಿದ್ದಾರಾ? ಯಾರಿಗೂ ಗೊತ್ತಾಗಲ್ಲ. ಇದೊಂದು ಮಾಡಿ, ಗೌರವವಾಗಿ ರಿಟೈರ್ ಆಗಿ. ನಾನೇ ಡ್ರೈವ್ ಮಾಡ್ಕೊಂಡು ಹೋಗ್ತೀನಿ."

ಅವರು ಕ್ಯಾಲೆಂಡರ್ ಕಡೆ ಇನ್ನೊಮ್ಮೆ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ "ಒಂದ ಆಟ ಅಲ್ಲ?" ಎಂದರು. ವ್ಯಾಪಾರ ಕುದುರಿದ ಸದ್ದು ನನಗೆ ಗೊತ್ತು. ಅವತ್ತು ಅದನ್ನು ಕೇಳಿ ಹೆಮ್ಮೆಪಟ್ಟೆ.

ಫೈನಲ್ ದಿನ ಸ್ಯಾನ್ ಡಿಯಾಗೋದಲ್ಲಿ ಬಿಸಿಲು ಹಿತವಾಗಿತ್ತು. ನಾನು ಪ್ಲೇಟಿನ ನೇರ ಹಿಂದೆ, ಬೇಲಿಗೆ ಮೂಗು ತಾಗಿಸಿ ನಿಂತೆ. ಅವರು ಮೈದಾನಕ್ಕೆ ಬೆನ್ನು ತಿರುಗಿಸಿ, ಬಗ್ಗಿ, ಪ್ಲೇಟನ್ನು ಗುಡಿಸಿದರು. ನಾಲ್ಕು ಇನ್ನಿಂಗ್ಸ್ ಎಲ್ಲ ಸರಿಯಾಗಿಯೇ ಹೋಯಿತು. ಐದನೆಯದರಲ್ಲಿ ಇಬ್ಬರು ಔಟ್, ಮೂರನೆಯವನು ಹೋದರೆ ಆ ತಂಡದ ಸರದಿ ಮುಗಿಯಿತು; ಮೂರೂ ಬೇಸಿನಲ್ಲಿ ರನ್ನಿಗೆ ಕಾದು ನಿಂತ ಓಟಗಾರರು. ಬ್ಯಾಟು ಹಿಡಿದವನು ನಲವತ್ತರ ಒಬ್ಬ ಪ್ಲಂಬರ್. ಎರಡು ಸ್ಟ್ರೈಕ್ ಆಗಿತ್ತು. ಮುಂದಿನ ಚೆಂಡು ಹೊರ ಅಂಚಿನ ಕಡೆ ಬಂತು. ಅವನು ಬಿಟ್ಟ. ಹೊಂಬಳ ಸರ್ ಮುಷ್ಟಿ ಹೊಡೆದು ಕೂಗಿದರು. ಸ್ಟ್ರೈಕ್, ಔಟ್.

ಪ್ಲಂಬರ್ ತಿರುಗಿ ನೋಡಿದ, ಬ್ಯಾಟು ಎಳೆದುಕೊಂಡು ಹೋದ. ಅವನ ತಂಡದವರು ಬೆಂಚಿನಿಂದ ಬೈದರು. ಬೈಗುಳ ಅಂಪೈರಿಗೆ ಹೊಸದಲ್ಲ. ಆದರೆ ಎದ್ದು ಹೊರಟ ಕ್ಯಾಚರ್ ಹೆಗಲ ಮೇಲಿಂದ ಮೆಲ್ಲಗೆ "ಥ್ಯಾಂಕ್ಸ್, ಬ್ಲೂ" ಎಂದ. ನೀಲಿ ಅಂಗಿಗಾಗಿ ಅಂಪೈರನ್ನು ಹಾಗೆ ಕರೆಯುತ್ತಾರೆ. ಬೇಲಿಯ ಈಚೆಗೆ ನನಗೂ ಕೇಳಿಸಿತು.

ಹೊಂಬಳ ಸರ್ ಎಡಗೈಯಿಂದ ಮಾಸ್ಕು ತೆಗೆದರು. ಎರಡೂ ತಂಡದ ಮ್ಯಾನೇಜರುಗಳನ್ನು ಕರೆದು, ನನಗೆ ಹೊರ ಅಂಚು ಕಾಣುತ್ತಿಲ್ಲ, ಉಳಿದ ಆಟಕ್ಕೆ ಬೇಸ್ ಅಂಪೈರನನ್ನು ಪ್ಲೇಟಿಗೆ ನಿಲ್ಲಿಸಿ ಎಂದರು. ಆತ ತನ್ನ ಕಾರಿಗೆ ಹೋಗಿ ಗಾರ್ಡು ಕಟ್ಟಿಕೊಂಡು ಬರುವವರೆಗೆ ಆಟ ನಿಂತಿತು. ಅಷ್ಟೂ ಜನ ಇವರು ಪಾರ್ಕಿಂಗ್ ಲಾಟಿನ ಕಡೆ ನಡೆದು ಹೋಗುವುದನ್ನು ನೋಡಿದರು.

ಡಿಕ್ಕಿಯ ಅಂಚಿನ ಮೇಲೆ ಕೂತು ಪಟ್ಟಿ ಬಿಚ್ಚುತ್ತಿದ್ದರು. ನಾನು ಸುಮ್ಮನಿರಬೇಕಿತ್ತು. "ಹೊಟ್ಟೆನೋವು ಅಂದಿದ್ರೆ ಸಾಕಿತ್ತಲ್ಲ ಸರ್," ಎಂದೆ.

"ಬೈದ್ರ ತಡ್ಕೋತಿದ್ದೆ," ಎಂದರು. "ಆಂವ ಥ್ಯಾಂಕ್ಸ್ ಅಂದ. ಸುಳ್ಳು ತೀರ್ಪು ಅಂತ ಆಂವಗ ಗೊತ್ತಿತ್ತು."

ಪ್ಲಂಬರನ ತಂಡ ಒಂದು ರನ್ನಿನಿಂದ ಸೋತಿತು. ಆಟ ಮುಗಿಯುವವರೆಗೆ ಇವರು ಕಾರಿನ ಬಳಿಯೇ ಕಾದರು. ಅವನು ಬ್ಯಾಗು ಹೊತ್ತು ಬಂದಾಗ ಎದುರು ಹೋಗಿ, ತಪ್ಪು ನನ್ನದು ಎಂದರು. ಅವನು ಒಳ್ಳೆಯವನು. "ಬಿಡಿ ಸರ್, ಇದು ಬರೀ ಆಟ," ಎಂಬರ್ಥದ ಮಾತನ್ನಾಡಿ ಇವರ ಹೆಗಲು ತಟ್ಟಿದ. ಮನೆ ತಲುಪುವವರೆಗೆ ಎರಡು ಗಂಟೆಯ ದಾರಿ, ಹೊಂಬಳ ಸರ್ ಮಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಆಮೇಲೆ ಅವರು ಮೈದಾನದ ಕಡೆ ಹೋಗಲಿಲ್ಲ. ಎಡಗಣ್ಣೂ ಹಾಗೆಯೇ ಆಯಿತು. ನೆಟ್ಟಗೆ ನೋಡಿದ್ದು ಕಾಣದು, ಅಕ್ಕಪಕ್ಕದ್ದು ಮಸುಕಾಗಿ ಕಾಣುತ್ತಿತ್ತು. ಮೈಮೇಲೆ ಒಂದು ಕಲೆಯೂ ಇಲ್ಲದ ಮನುಷ್ಯನಾದರು. ಲೀಗಿನವರು ಹೊಸಬರಿಗೆ ತರಬೇತಿ ಕೊಡಿ ಎಂದು ಕೇಳಿದ್ದರು. ಒಪ್ಪಿಕೊಳ್ಳಿ ಎಂದು ನಾನೂ ಸಲಹೆ ಕೊಟ್ಟೆ. ಬೇಡವೆಂದು ತಲೆಯಾಡಿಸಿದರು, ಅಷ್ಟೇ.

2008ರಲ್ಲಿ, ಹೃದಯಾಘಾತದಿಂದ ಅವರು ತೀರಿಕೊಳ್ಳುವುದಕ್ಕೆ ಒಂದು ತಿಂಗಳು ಮೊದಲು, ಕೊನೆಯ ಸಲ ಮನೆಗೆ ಹೋಗಿದ್ದೆ. ಗಿರಿಜಕ್ಕ ಒಳಗೆ ಚಹಾ ಕುದಿಸುತ್ತಿದ್ದರು. ಹೊಂಬಳ ಸರ್ ನನ್ನ ಕಿವಿಯ ಪಕ್ಕದಲ್ಲಿ ಎಲ್ಲೋ ನೋಡುತ್ತ ಕೇಳಿದರು.

"ಅವತ್ತು ನೀ ನೆಟ್ಟಗ ಹಿಂದ ನಿಂತಿದ್ದಿ. ಚೆಂಡು ಎಷ್ಟು ಹೊರಗಿತ್ತು?"

"ಇತ್ತು ಸರ್, ಸ್ವಲ್ಪ."

"ಸ್ವಲ್ಪ ಅಂದ್ರ ನಂಗ ತಿಳ್ಯಂಗಿಲ್ಲ. ತೋರಸು."

ನಾನು ಕೈ ತೋರಿಸಿದರೆ ಅವರಿಗೆ ಕಾಣುತ್ತಿರಲಿಲ್ಲ. ಅವರ ಎರಡೂ ಅಂಗೈಗಳನ್ನು ಹಿಡಿದು ಎದುರುಬದುರು ನಿಲ್ಲಿಸಿದೆ. ಆ ಚೆಂಡು ಪೂರಾ ಒಂದು ಗೇಣು ಹೊರಗೆ ಹೋಗಿತ್ತು. ಜೀವಮಾನವೆಲ್ಲ ಕಡಿಮೆ ಮಾಡಿಸಿ ಅಭ್ಯಾಸವಾದ ಕೈ. ನಾಲ್ಕು ಬೆರಳಿನ ಅಂತರಕ್ಕೆ ನಿಲ್ಲಿಸಿ ಬಿಟ್ಟೆ.

ಅವರು ಆ ಅಂತರವನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದರು. ಆಮೇಲೆ ತಾವೇ ನಿಧಾನವಾಗಿ ಕೈಗಳನ್ನು ಅಗಲಿಸುತ್ತ ಹೋದರು. ಸರಿಯಾಗಿ ಒಂದು ಗೇಣಿಗೆ ಬಂದಾಗ ನಿಲ್ಲಿಸಿದರು.

"ಇಷ್ಟಿತ್ತು, ಹೌದಲ್ಲ?"

"ಹೌದು ಸರ್," ಎಂದೆ.

ಗಿರಿಜಕ್ಕ ಚಹಾ ತಂದು ನಿಂತರು. ಹೊಂಬಳ ಸರ್ ಕೈಗಳು ಇನ್ನೂ ಹಾಗೆಯೇ ಇದ್ದವು.