ಅಂಬುಬಾಯಿ ತಂದುಕೊಟ್ಟ ಗಿಲಾಸು

ಅಂಬುಬಾಯಿ ಶಾಲೆಯ ಕಡೆ ಬರುವುದು ಕಂಡರೆ ಸಾಕು, ನಮ್ಮ ಮುಖ್ಯ ಗುರುಗಳಾದ ಶಾಂತಲಿಂಗಪ್ಪನವರು ಹಾಜರಿ ಪುಸ್ತಕ ತೆರೆದು ಅದರೊಳಗೆ ಮುಖ ಹುದುಗಿಸುತ್ತಿದ್ದರು. ಅವರು ಹಾಗೆ ಕೂತಾಗ ಅವಳಿಗೆ ಉತ್ತರ ಹೇಳುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ನಾನು ಶಿವರಾಯ, ಆ ಶಾಲೆಯ ಸಹಶಿಕ್ಷಕನಾಗಿದ್ದವನು. ಊರು ಆಳಂದ ತಾಲೂಕಿನದು. ನಿಂಬರ್ಗಾದ ಬಸ್ಸಿನಿಂದ ನಡುವೆ ಇಳಿದು, ತೊಗರಿ ಹೊಲಗಳ ಬದುವಿನ ಮೇಲೆ ಅರ್ಧ ತಾಸು ನಡೆಯಬೇಕು. ಹೆಸರು ಮಾತ್ರ ಹೇಳುವುದಿಲ್ಲ. ಆ ಊರಿನವರು ಸಿಕ್ಕಲ್ಲಿ ಈಗಲೂ ನನಗೆ ನಮಸ್ಕಾರ ಮಾಡುತ್ತಾರೆ, ಅದನ್ನು ಕಳೆದುಕೊಳ್ಳುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಅಂಬುಬಾಯಿ ಕೂಲಿ ಮಾಡುವ ಹೆಂಗಸು. ಗಂಡ ಸೊಲ್ಲಾಪುರದ ಗಿರಣಿಗೆ ಹೋದವನು ತಿರುಗಿ ಬರಲಿಲ್ಲ. ಸತ್ತಿದ್ದಾನೋ ಇನ್ನೊಂದು ಸಂಸಾರ ಹೂಡಿದ್ದಾನೋ ಎಂದು ಯಾರಾದರೂ ಕೇಳಿದರೆ, "ಎರಡೂ ಒಂದೇ ಅದರಿ" ಎನ್ನುತ್ತಿದ್ದಳು. ಊರ ಹೊರಗಿನ ತಮ್ಮ ಕೇರಿಯಲ್ಲಿ ಮೊಟ್ಟಮೊದಲು ಬುದ್ಧನ ಪಟ ತಂದು ಗೋಡೆಗೆ ಹಾಕಿದವಳು ಅವಳೇ. ಕುಳ್ಳು, ಕರಿ ಬಣ್ಣ, ಹಣೆ ತುಂಬ ಹಚ್ಚೆ. ದನಿ ಮಾತ್ರ ಮೂರು ಹೊಲ ದಾಟಿ ಕೇಳಿಸುವಂಥದ್ದು. ಇದ್ದವಳು ಒಬ್ಬಳೇ ಮಗಳು, ಕಸ್ತೂರಿ. ನಾಲ್ಕನೇ ಇಯತ್ತೆಯಲ್ಲಿ ಓದುತ್ತಿದ್ದಳು. ಕೇರಿಯಿಂದ ಬಂದ ಹೆಣ್ಣುಮಕ್ಕಳಲ್ಲಿ ಅಲ್ಲಿಯವರೆಗೆ ಓದಿದವಳು ಅವಳೊಬ್ಬಳೇ.

ಜಗಳವೆಲ್ಲ ನೀರಿನದು. ಶಾಲೆಯ ಪಡಸಾಲೆಯಲ್ಲಿ ಕುಡಿಯುವ ನೀರಿನ ಒಂದು ದೊಡ್ಡ ಮಣ್ಣಿನ ಹರವಿ, ಅದರ ಮೇಲೆ ಎರಡು ಅಲ್ಯುಮಿನಿಯಂ ಗ್ಲಾಸು, ಪಕ್ಕದಲ್ಲಿ ಒಂದು ತಂಬಿಗೆ. ಊರೊಳಗಿನ ಮಕ್ಕಳು ಹರವಿಗೆ ಗ್ಲಾಸು ಅದ್ದಿ ಕುಡಿಯುತ್ತಿದ್ದರು. ಕೇರಿಯ ನಾಲ್ಕು ಮಕ್ಕಳು ಪಡಸಾಲೆಯ ಕೊನೆಯ ಮೆಟ್ಟಿಲಲ್ಲಿ ನಿಂತು ಬೊಗಸೆ ಒಡ್ಡಬೇಕು; ಬೇರೆ ಯಾರಾದರೂ ತಂಬಿಗೆಯಿಂದ ಮೇಲಿನಿಂದ ಸುರಿಯಬೇಕು. ಸುರಿಯುವವರಿಗೆ ಆಟದ ಹೊತ್ತು, ಹಾಗಾಗಿ ನೀರು ಬೊಗಸೆಗಿಂತ ಹೆಚ್ಚಾಗಿ ಅಂಗಿಯ ಮೇಲೆ ಬೀಳುತ್ತಿತ್ತು. ಇಂಥ ನಿಯಮವನ್ನು ಯಾರೂ ಮಾಡಿರಲಿಲ್ಲ, ಯಾರೂ ಮುರಿದೂ ಇರಲಿಲ್ಲ. ಹರವಿಯ ಮೇಲಿನ ಗೋಡೆಗೆ ಬಸವಣ್ಣನವರ ಪಟವಿತ್ತು. ಪ್ರತಿ ವರ್ಷ ಬಸವ ಜಯಂತಿಗೆ ಆ ಪಟಕ್ಕೆ ಹಾರ ಹಾಕಿ, ಹರವಿಯ ಪಕ್ಕದಲ್ಲೇ ನಿಂತು, ಮನುಷ್ಯರೆಲ್ಲ ಒಂದೇ ಎಂದು ಮುಕ್ಕಾಲು ತಾಸು ಭಾಷಣ ಮಾಡುತ್ತಿದ್ದವನು ನಾನು. ಚೆನ್ನಾಗಿಯೇ ಮಾಡುತ್ತಿದ್ದೆ.

ಆ ವರ್ಷ, ಅಂದರೆ ಎಂಬತ್ತಾರರಲ್ಲಿ, ಕಸ್ತೂರಿ ಶಾಲೆಯಲ್ಲಿ ನೀರು ಕುಡಿಯುವುದನ್ನೇ ಬಿಟ್ಟಳು. ಮಧ್ಯಾಹ್ನ ಮನೆಗೆ ಓಡುವುದು, ಹೋದವಳು ತಿರುಗಿ ಬಾರದಿರುವುದು ಸುರುವಾಯಿತು. ಅಂಬುಬಾಯಿ ಆಳಂದದ ಬಜಾರಿಗೆ ಹೋಗಿ ಒಂದು ಸ್ಟೀಲಿನ ಗ್ಲಾಸು ಕೊಂಡು, ಅಂಗಡಿಯಲ್ಲೇ ಮಗಳ ಹೆಸರು ಕೆತ್ತಿಸಿಕೊಂಡು, ಶಾಲೆಗೆ ತಂದಳು.

"ಇದು ನನ್ನ ಮಗಳ ಗಿಲಾಸರಿ. ನಿಮ್ಮ ಗಿಲಾಸ ಮುಟ್ಟೂದಿಲ್ಲ ಆಕಿ. ಇದ್ರಾಗ ತಾನೇ ತುಂಬಕೊಂಡು ಕುಡೀಲಿ" ಎಂದಳು.

ಶಾಂತಲಿಂಗಪ್ಪನವರು ಗ್ಲಾಸನ್ನು ಬಹಳ ಮರ್ಯಾದೆಯಿಂದ ತೆಗೆದುಕೊಂಡರು. "ಛಲೋ ಅದ. ಹೊರಗಿಟ್ರ ಕಳದೀತು, ಭದ್ರ ಇಡ್ತೇನಿ" ಎಂದು ಅಲಮಾರಿಯಲ್ಲಿಟ್ಟು ಬೀಗ ಹಾಕಿದರು. ಅದು ಅಲ್ಲೇ ಭದ್ರವಾಗಿ ಉಳಿಯಿತು. ಅಂಬುಬಾಯಿ ವಾರಕ್ಕೊಮ್ಮೆ ಬಂದು ಕೇಳುವಳು. ಮುಖ್ಯ ಗುರುಗಳು ಹಾಜರಿ ಪುಸ್ತಕ ತೆರೆಯುವರು. ನಾನು, "ನೋಡೂಣ ಬೇ, ಅವಸರ ಮಾಡಬ್ಯಾಡ" ಎನ್ನುವೆ. ಕಡೆಗೊಂದು ದಿನ ಅವಳು ಗಡುವು ಇಟ್ಟಳು.

"ಸಂಕ್ರಾಂತಿ ತನಕ ನೋಡ್ತೇನ್ರಿ ಸರ್. ಗಿಲಾಸ ಕೈಗೆ ಕೊಟ್ರ ಓದ್ತಾಳ. ಇಲ್ಲಂದ್ರ ನನ್ನ ಜೋಡಿ ತೊಗರಿ ಕೊಯ್ಯಾಕ ಬರ್ತಾಳ. ಹೊಲದಾಗ ಬಿಂದಿಗಿ ನಮ್ದೇ ಇರ್ತದ."

ಡಿಸೆಂಬರಿನ ಕೊನೆಯಲ್ಲಿ, ಕ್ರಿಸ್‌ಮಸ್ ಮುಗಿದ ಮೇಲೆ, ಬೆಂಗಳೂರಿನ ಒಂದು ಚರ್ಚಿನಿಂದ ಹನ್ನೆರಡು ಮಂದಿ ಯುವಕ ಯುವತಿಯರು ಸೇವೆ ಮಾಡಲೆಂದು ನಮ್ಮ ಶಾಲೆಗೆ ಬಂದಿಳಿದರು. ಹತ್ತು ದಿನದ ಕಾರ್ಯಕ್ರಮ. ಅವರ ಮುಖಂಡತ್ವ ಎಸ್ತರ್ ಎಂಬ ಕಾಲೇಜು ಉಪನ್ಯಾಸಕಿಯದು. ಒಳ್ಳೆಯ ಜನ, ಸುಳ್ಳು ಹೇಳಬಾರದು. ನಾವು ಐದು ವರ್ಷದಿಂದ ನೋಡುತ್ತಲೇ ಇದ್ದ ಗೋಡೆಯ ಬಿರುಕನ್ನು ಎರಡೇ ದಿನದಲ್ಲಿ ಮುಚ್ಚಿ, ಇಡೀ ಶಾಲೆಗೆ ಸುಣ್ಣ ಬಳಿದರು. ಶೇಂಗಾ ಹಿಂಡಿ ಎಂಬ ನಮ್ಮ ಚಟ್ನಿಪುಡಿಯ ಖಾರಕ್ಕೆ ಕಣ್ಣೀರು ಸುರಿಸುತ್ತಲೇ "ತುಂಬಾ ಚೆನ್ನಾಗಿದೆ" ಎಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಧರ್ಮದ ಮಾತು ಎತ್ತಿಯಾರೆಂದು ಊರಿನ ಯಜಮಾನರಾದ ದೌಲತರಾಯ ಗೌಡರು ದಿನವೂ ಪಡಸಾಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕಾವಲು ಕೂರುತ್ತಿದ್ದರು. ಬಂದವರು ಎತ್ತಲೇ ಇಲ್ಲ. ಪ್ರತಿಯೊಬ್ಬರ ಬಳಿಯೂ ಒಂದು ನೋಟುಬುಕ್ಕು. ಸಂಜೆಯಾದರೆ ಅದರಲ್ಲಿ "ಇಂದು ಕಲಿತ ಪಾಠ" ಎಂದು ತಲೆಬರಹ ಕೊಟ್ಟು ಬರೆಯಬೇಕು.

ಬಂದ ಎರಡನೇ ದಿನವೇ ಎಸ್ತರ್ ಮೇಡಂ ನೀರಿನ ಹೊತ್ತಿಗೆ ಪಡಸಾಲೆಗೆ ಬಂದರು. ಮೆಟ್ಟಿಲಲ್ಲಿ ಕೇರಿಯ ಮಕ್ಕಳು ಬೊಗಸೆ ಒಡ್ಡಿ ನಿಂತಿದ್ದವು.

"ಸರ್, ಈ ಮಕ್ಕಳು ಯಾಕೆ ಹೀಗೆ ಕುಡಿಯುತ್ತಾರೆ?" ಎಂದು ನನ್ನನ್ನು ಕೇಳಿದರು.

ನಾನು ಮುಖ್ಯ ಗುರುಗಳ ಕಡೆ ನೋಡಿದೆ. ಹಾಜರಿ ಪುಸ್ತಕ ತೆರೆದಿತ್ತು. ಗೌಡರ ಕಡೆ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಒಂದು ಮಾತಿನಲ್ಲಿ ನಿಜ ಹೇಳಿಬಿಡಬಹುದಿತ್ತು. ನಾನು ಹೇಳಿದ್ದು ಬೇರೆ.

"ಇಲ್ಲಿಯ ಪದ್ಧತಿ ಮೇಡಂ. ನೀರು ಅಂದ್ರ ದೇವರು ಕೊಟ್ಟದ್ದು ನೋಡ್ರಿ, ಅದಕ್ಕ ಎರಡೂ ಕೈ ಒಡ್ಡಿ ತಗೋತಾರ. ಎಲ್ಲಾರೂ ಹಂಗೇ."

ದೇವರನ್ನು ಸೇರಿಸುವ ಅಗತ್ಯವಿರಲಿಲ್ಲ. ಭಾಷಣ ಮಾಡಿ ಮಾಡಿ ಬಂದ ಚಟ ಅದು. ಮೇಡಂ ಕಣ್ಣಲ್ಲಿ ನೀರು ಬಂತು. ಇಷ್ಟು ವಿನಯ ತಾನು ಎಲ್ಲಿಯೂ ಕಂಡಿಲ್ಲ ಎಂದರು. ಅವರು ಒಳಗೆ ಹೋದದ್ದೇ ತಡ, ಶಾಂತಲಿಂಗಪ್ಪನವರು ಎದ್ದು ಎರಡೂ ಅಲ್ಯುಮಿನಿಯಂ ಗ್ಲಾಸುಗಳನ್ನು ಅಲಮಾರಿಗೆ ಸೇರಿಸಿದರು. ಎಲ್ಲರೂ ಹಾಗೇ ಕುಡಿಯುತ್ತಾರೆಂದು ನಾನು ಹೇಳಿಯಾಗಿತ್ತಲ್ಲ, ಇನ್ನು ಅವರು ಹೋಗುವ ತನಕ ಎಲ್ಲರೂ ಹಾಗೇ ಕುಡಿಯಬೇಕಿತ್ತು.

ಮರುದಿನ ಹನ್ನೆರಡು ಮಂದಿಯೂ ಮಕ್ಕಳ ಸಾಲಿನಲ್ಲಿ ಬೊಗಸೆ ಒಡ್ಡಿ ನಿಂತರು. ಸಾಲಿನಲ್ಲಿ ಗೌಡರ ಮೊಮ್ಮಗ ಅಣ್ಣಾರಾಯ, ಅವನ ಹಿಂದೆ, ಎಲ್ಲರೂ ನಿಂತರೆಂದು ಅಂದು ತಾನೂ ಬಂದ ಕಸ್ತೂರಿ, ಅವಳ ಹಿಂದೆ ಬೆಂಗಳೂರಿನವರು. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಎಸ್ತರ್ ಮೇಡಂ ತಂಬಿಗೆ ತೆಗೆದು ಕಸ್ತೂರಿಯ ಕೈಯಲ್ಲಿಟ್ಟು, "ಇವತ್ತು ನೀನು ಹಾಕು ಪುಟ್ಟಾ" ಎಂದರು. ಹುಡುಗಿ ನನ್ನ ಮುಖ ನೋಡಿತು. ನಾನು ಬಸವಣ್ಣನವರ ಪಟ ನೋಡುತ್ತ ನಿಂತೆ. ಕಸ್ತೂರಿ ತಂಬಿಗೆಯನ್ನು ಹರವಿಯೊಳಗೆ ಅದ್ದಿ ಒಬ್ಬೊಬ್ಬರಿಗೇ ಸುರಿದಳು. ಒಂದು ಹನಿಯೂ ಹೊರಗೆ ಬೀಳಲಿಲ್ಲ.

ಗೌಡರು ಕುರ್ಚಿಯಿಂದೆದ್ದು ನನ್ನ ಕಿವಿಯ ಹತ್ತಿರ ಬಂದು, "ಮಂದಿ ಹ್ವಾದ ಮ್ಯಾಲ ಆ ಹರವಿ ಒಡದು ಹೊಸಾದು ತರ್ರಿ" ಎಂದು ಹೇಳಿ ಮನೆಗೆ ಹೋದರು.

ಬೀಳ್ಕೊಡುವ ದಿನ ಆಳಂದದಿಂದ ಶಿಕ್ಷಣ ಇಲಾಖೆಯ ಸಾಹೇಬರು ಬಂದರು. ಬೆಂಗಳೂರಿನವರು ತಮ್ಮ ನೋಟುಬುಕ್ಕು ತೆರೆದು ಕಲಿತ ಪಾಠಗಳನ್ನು ಓದಿದರು. ಹತ್ತು ದಿನದಲ್ಲಿ ಹನ್ನೆರಡು ಮಂದಿ ಸೇರಿ ನಲವತ್ತೇಳು ಪಾಠ ಕಲಿತಿದ್ದರು; ನಮ್ಮ ಮಕ್ಕಳು ಇಡೀ ವರ್ಷಕ್ಕೂ ಅಷ್ಟು ಕಲಿತದ್ದು ನಾನು ಕಾಣೆ. ಎಲ್ಲರ ಪುಸ್ತಕದಲ್ಲೂ ಮೊದಲ ಪಾಠ ಬೊಗಸೆಯದ್ದೇ. ಹೊಸ ಸುಣ್ಣದ ಗೋಡೆಯ ಮೇಲೆ ಅವರು ಎರಡು ದೊಡ್ಡ ಕೈಗಳ ಬೊಗಸೆ, ಅದಕ್ಕೆ ಮೇಲಿನಿಂದ ಬೀಳುವ ನೀಲಿ ನೀರು ಬಿಡಿಸಿ, ಕೆಳಗೆ "ಇಲ್ಲಿ ನಾವು ಕಲಿತೆವು" ಎಂದು ಬರೆದಿದ್ದರು. ಸಾಹೇಬರು ಮೆಚ್ಚಿ ಸಂದರ್ಶಕರ ಪುಸ್ತಕದಲ್ಲಿ ಕೈಯಾರೆ ಬರೆದರು: ಈ ಉತ್ತಮ ಪದ್ಧತಿಯನ್ನು ಎಲ್ಲ ಮಕ್ಕಳೂ, ಭೇದವಿಲ್ಲದೆ, ಮುಂದುವರಿಸತಕ್ಕದ್ದು.

ಹೊರಡುವ ಮುಂಚೆ ಎಸ್ತರ್ ಮೇಡಂ, ಆ ನೀರು ಹಾಕಿದ ಹುಡುಗಿಯ ನೆನಪಿಗೆ ಏನಾದರೂ ಸಿಕ್ಕೀತೇ ಎಂದು ಕೇಳಿದರು. ಶಾಂತಲಿಂಗಪ್ಪನವರಿಗೆ ಹೊಳೆದದ್ದು ಆಗ. ಅಲಮಾರಿಯ ಬೀಗ ತೆಗೆದು, ಕಸ್ತೂರಿಯ ಹೆಸರು ಕೆತ್ತಿದ ಹೊಸ ಗ್ಲಾಸನ್ನು ಹೊರತೆಗೆದರು. ಕೊಟ್ಟರೆ ಅತಿಥಿಗೆ ಸಂತೋಷ, ನಮಗೆ ಪೀಡೆ ಪರಿಹಾರ. ಹಳೆಯ ಪೇಪರಿನಲ್ಲಿ ಅದನ್ನು ಸುತ್ತಿಕೊಟ್ಟವನು ನಾನು. ಅಚ್ಚುಕಟ್ಟಾಗಿ ಸುತ್ತಿದೆ.

ಹರವಿ ಒಡೆದು ಹೊಸದು ಬಂತು. ಗ್ಲಾಸುಗಳು ಮಾತ್ರ ಹೊರಬರಲಿಲ್ಲ. ಸಾಹೇಬರ ಬರಹ ಪುಸ್ತಕದಲ್ಲಿತ್ತು. ಅವರು ಯಾವ ಹೊತ್ತಿನಲ್ಲಿ ಬಂದು ಇಣುಕುತ್ತಾರೋ ಎಂದು ಮುಖ್ಯ ಗುರುಗಳು ಹೆದರಿದ್ದರು. ಹೀಗಾಗಿ ಊರಿನ ಮಕ್ಕಳೆಲ್ಲ ಅಂಗಿ ತೊಯಿಸಿಕೊಂಡು ಮನೆಗೆ ಹೋಗತೊಡಗಿದರು. ಒಂದು ವಾರ ಕಳೆಯುವಷ್ಟರಲ್ಲಿ ಗೌಡರು ಶಾಲೆಗೆ ನುಗ್ಗಿದರು. ಅಂದು ಅಂಬುಬಾಯಿಯೂ ಬಂದು ಮೆಟ್ಟಿಲ ಹತ್ತಿರ ನಿಂತಿದ್ದಳು. ಸಂಕ್ರಾಂತಿಗೆ ಇನ್ನು ನಾಲ್ಕೇ ದಿನವಿತ್ತು.

"ಏನ್ ನಡಸೀರಿ ಮಾಸ್ತರ? ನನ್ನ ಮೊಮ್ಮಗ ಬೊಗಸಿ ಒಡ್ಡಬೇಕೇನು? ಭಿಕ್ಷಾ ಬೇಡೂ ಮಂದಿ ಗತೆ? ಹುಡುಗ ರಾತ್ರಿ ಅಳಾಕತ್ತಾನ, ಸಾಲಿಗೇ ಹೋಗೂದಿಲ್ಲ ಅಂತಾನ!" ಎಂದು ಗೌಡರು ಕೂಗಾಡಿದರು.

ಮೆಟ್ಟಿಲ ಕಡೆಯಿಂದ ಅಂಬುಬಾಯಿ ಮಾತಾಡಿದಳು. ಅವಳ ದನಿ ಅಷ್ಟು ಮೆತ್ತಗಿದ್ದದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಹೌದ್ರಿ ಗೌಡ್ರ. ಭಾಳ ಕೆಟ್ಟ ಅನಸ್ತದ್ರಿ ಮಕ್ಕಳಿಗೆ."

ಗೌಡರು ಅವಳ ಕಡೆ ತಿರುಗಿದರು. ಮುಖ್ಯ ಗುರುಗಳು ಸಾಹೇಬರ ಬರಹ ತೋರಿಸಿ, ಮಾಡಿದರೆ ಎಲ್ಲರಿಗೂ ಒಂದೇ ನಿಯಮ ಮಾಡಬೇಕೆಂದು ತೊದಲಿದರು. "ಹಂಗಾದ್ರ ಎಲ್ಲಾರಿಗೂ ಗಿಲಾಸ ಕೊಡ್ರಿ, ಸುಡ್ಲಿ!" ಎಂದು ಗೌಡರು ಕೈ ಕೊಡವಿ ಹೊರಟುಹೋದರು. ನಮ್ಮ ಶಾಲೆಗೆ ಸಮಾನತೆ ಬಂದದ್ದು ಹೀಗೆ. ನನ್ನ ಭಾಷಣಗಳ ಪಾಲು ಅದರಲ್ಲಿ ಏನೂ ಇಲ್ಲ.

ಅಂಬುಬಾಯಿ ಪಡಸಾಲೆಯ ಮೇಲೆ ಬಂದು ಕೈ ಚಾಚಿದಳು. "ಈಗ ಕೊಡ್ರಿ ಮತ್ತ, ನನ್ನ ಮಗಳ ಗಿಲಾಸ."

ಶಾಂತಲಿಂಗಪ್ಪನವರು ಶಾಲೆಯ ಗ್ಲಾಸನ್ನೇ ತೆಗೆದು ಮುಂದೆ ಹಿಡಿದರು. ಅವಳು ಮುಟ್ಟಲಿಲ್ಲ. ಇನ್ನೊಂದು ಹೊಸದು ಕೊಡಿಸುತ್ತೇನೆಂದರು. "ನಾ ಕೊಟ್ಟಿದ್ದು ಎಲ್ಲೈತ್ರಿ?" ಎಂದಳು. ಅವರು ಹಾಜರಿ ಪುಸ್ತಕ ತೆರೆದರು. ಹೇಳಬೇಕಾದವನು ನಾನಾದೆ. ಈ ಸಲ ದೇವರನ್ನು ಸೇರಿಸದೆ, ಇದ್ದದ್ದು ಇದ್ದಹಾಗೆ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ನಾನು ಮನೆಗೆ ಹೋಗಿ ನೆಮ್ಮದಿಯಿಂದ ಊಟ ಮಾಡುತ್ತಿದ್ದೆ. "ಗಿಲಾಸ ಇಲ್ಲಂದ್ರ ಮಗಳೂ ಇಲ್ಲ" ಎಂದಷ್ಟೇ ಹೇಳಿ, ಕಸ್ತೂರಿಯ ಕೈ ಹಿಡಿದು ನಡೆದುಬಿಟ್ಟಳು.

ಅಂದೇ ಎಸ್ತರ್ ಮೇಡಂಗೆ ಪತ್ರ ಬರೆದೆ. ಬೊಗಸೆ ಎಂದರೆ ಏನು, ಗ್ಲಾಸು ಯಾರದು, ಸುಳ್ಳು ಹೇಳಿದವನು ಯಾರು, ಎಲ್ಲವನ್ನೂ ಬರೆದೆ. ನಾಲ್ಕು ಹಾಳೆಯಾಯಿತು. ಸಂಕ್ರಾಂತಿ ಬಂದು ಹೋಯಿತು. ತೊಗರಿ ಕೊಯ್ಲಿನ ಹೊಲಗಳಲ್ಲಿ ಕಸ್ತೂರಿ ತಾಯಿಯ ಹಿಂದೆ ಕಟ್ಟು ಹೊರುವುದು ಶಾಲೆಯ ಕಿಟಕಿಯಿಂದ ಕಾಣುತ್ತಿತ್ತು. ನಾನು ಕಿಟಕಿಗೆ ಬೆನ್ನು ಮಾಡಿ ಪಾಠ ಮಾಡಿದೆ.

ಹತ್ತೊಂಬತ್ತನೇ ದಿನ ಪಾರ್ಸಲ್ ಬಂತು. ಒಳಗೆ ಗ್ಲಾಸು, ಅದರೊಳಗೆ ಒಂದು ಚೀಟಿ. "ಅವತ್ತೇ ಹೇಳಬಹುದಿತ್ತು ಸರ್" ಎಂದಿತ್ತು. ಮತ್ತೇನೂ ಇರಲಿಲ್ಲ.

ಸಂಜೆ ಗ್ಲಾಸು ಹಿಡಿದು ಕೇರಿಗೆ ಹೋದೆ. ಆರು ವರ್ಷ ಆ ಊರಿನಲ್ಲಿ ಕೆಲಸ ಮಾಡಿದರೂ ಅಲ್ಲಿಗೆ ಹೋದದ್ದು ಅದೇ ಮೊದಲು. ಮನೆ ಯಾವುದೆಂದು ಕೇಳಿಕೊಂಡು ಹೋಗಬೇಕಾಯಿತು. ಅಂಬುಬಾಯಿ ಗ್ಲಾಸನ್ನು ತಿರುಗಿಸಿ ಹೆಸರು ನೋಡಿದಳು. ಅವಳಿಗೆ ಓದು ಬಾರದು, ಬೆರಳಿನಿಂದ ಅಕ್ಷರಗಳನ್ನು ಸವರಿದಳು. ಆಮೇಲೆ ಮಗಳ ಕೈಗೆ ಕೊಟ್ಟು, "ಸರ್‌ಗೆ ನೀರು ಕೊಡು" ಎಂದಳು.

ಕಸ್ತೂರಿ ತಮ್ಮ ಕೊಡದಿಂದ ಗ್ಲಾಸು ತುಂಬಿ ತಂದಳು. ಗೋಡೆಯ ಮೇಲೆ ಬುದ್ಧನ ಪಟವಿತ್ತು. ನಾನು ಗ್ಲಾಸು ತೆಗೆದುಕೊಂಡು, ತಲೆ ಮೇಲೆತ್ತಿ, ತುಟಿಗೆ ತಾಗಿಸದೆ ಎತ್ತಿ ಸುರಿದುಕೊಳ್ಳಲು ಹೊರಟೆ. ಮಗುವಿನ ಹೊಸ ಗ್ಲಾಸು, ಎಂಜಲಾಗಬಾರದಲ್ಲ. ಹಾಗೆಂದು ನನಗೆ ನಾನೇ ಹೇಳಿಕೊಂಡೆ.

ಅಂಬುಬಾಯಿ ನನ್ನನ್ನೇ ನೋಡುತ್ತಿದ್ದಳು.

"ಕಚ್ಚಿ ಕುಡೀರಿ ಸರ್" ಎಂದಳು. "ಕಚ್ಚಿ ಕುಡುದ್ರ ನಾಳಿ ಸಾಲಿಗೆ ಕಳಸ್ತೇನಿ."

ನನ್ನ ಕೈ ಗಾಳಿಯಲ್ಲೇ ನಿಂತಿತು. ಎಷ್ಟು ಹೊತ್ತು ನಿಂತಿತೆಂದು ನಾನು ಹೇಳುವುದಿಲ್ಲ. ಆ ತಾಯಿ ಮಗಳಿಗೆ ಗೊತ್ತಿದೆ, ಅಷ್ಟು ಸಾಕು. ಗ್ಲಾಸು ಕೆಳಗಿಳಿಸಿ, ತುಟಿಗೆ ಹಚ್ಚಿ, ಪೂರ್ತಿ ಕುಡಿದೆ.

ಮರುದಿನ ಪ್ರಾರ್ಥನೆಯ ಗಂಟೆ ಬಾರಿಸುವ ಮುಂಚೆಯೇ ಕಸ್ತೂರಿ ಬಂದಳು. ಗ್ಲಾಸನ್ನು ಅಲಮಾರಿಯಲ್ಲಿ ಇಡುತ್ತೇನೆ ಕೊಡು ಎಂದು ಶಾಂತಲಿಂಗಪ್ಪನವರು ಕೈ ಚಾಚಿದರು. ಅವಳು ಅದನ್ನು ಪಾಟೀಚೀಲದೊಳಗೆ ಇನ್ನೂ ಆಳಕ್ಕೆ ತುರುಕಿಕೊಂಡು ತನ್ನ ಜಾಗಕ್ಕೆ ಹೋಗಿ ಕೂತಳು.