ಬಸ್ಸಿನ ಗಾಜಿನಷ್ಟು ಪರದೆ

ಅಜ್ಜಂಪುರದ ಉಗ್ರಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿ ನಿವೃತ್ತನಾದವನು. ಸರ್ವೀಸಿನ ಬಹುಪಾಲು ತರೀಕೆರೆಯಿಂದ ಲಿಂಗದಹಳ್ಳಿ ಮೇಲೆ ಕೆಮ್ಮಣ್ಣುಗುಂಡಿಗೆ ಹತ್ತುವ ಘಾಟಿಯಲ್ಲೇ ಕಳೆಯಿತು. ಊರವರನ್ನೆಲ್ಲ ಮದುವೆಗೂ ಆಸ್ಪತ್ರೆಗೂ ಮುಟ್ಟಿಸಿದ ಈ ಮಹಾರಾಯನಿಗೆ ಕಟ್ಟಿಕೊಂಡ ಹೆಂಡತಿಯನ್ನು ಮಾತ್ರ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಲಾಗಲಿಲ್ಲ. ಓಬಮ್ಮನಿಗೆ ಬಸ್ಸು ಆಗದು. ರೈಲಾದರೆ ಬೀರೂರಿಗೂ ಹೋದಾಳು, ಬೆಂಗಳೂರಿಗೂ ಹೋದಾಳು. ಬಸ್ಸು ಒಂದು ತಿರುವು ತಿರುಗಿತೋ, ಹೊಟ್ಟೆ ತೊಳಸುತ್ತದೆ. ಮದುವೆಯಾದ ಹೊಸತರಲ್ಲಿ ಉಗ್ರಪ್ಪ ಜಂಬದಿಂದ ಅವಳನ್ನು ತನ್ನ ಬಸ್ಸಿಗೇ ಹತ್ತಿಸಿಕೊಂಡು, ಅವಳ ಅವಸ್ಥೆ ನೋಡಲಾಗದೆ ನಡುದಾರಿಯಲ್ಲೇ ಇಳಿಸಿ, ಎದುರಿಗೆ ಬಂದ ಎತ್ತಿನಗಾಡಿಯಲ್ಲಿ ವಾಪಸ್ಸು ಕಳಿಸಿದ್ದ.

ಆಮೇಲೆ ಉಳಿದದ್ದು ಬರೀ ಬಾಯಿಮಾತು. ಮನೆಗೆ ಬಂದು ಉಣ್ಣುತ್ತಾ ಮಂಜು ಹೇಗೆ ಸರಿಯಿತು, ಕಣಿವೆ ಹೇಗೆ ತೆರೆದುಕೊಂಡಿತು ಎಂದೆಲ್ಲ ವರ್ಣಿಸುತ್ತಿದ್ದ. ಓಬಮ್ಮ ಬಡಿಸುತ್ತಾ ಕೇಳುತ್ತಿದ್ದಳು. 'ಒಂದ್ಸಲ ನೀನು ನೋಡ್ಬೇಕು ಕಣೇ' ಎಂದೇ ಅವನ ಊಟ ಮುಗಿಯುತ್ತಿತ್ತು.

ನಿವೃತ್ತಿಯಾದ ಮೇಲೆ ಅವನಿಗೆ ಉಪಾಯ ಹೊಳೆಯಿತು. ಅವಳು ದಾರಿಗೆ ಬರಲಾಗದಿದ್ದರೆ ದಾರಿಯನ್ನೇ ಮನೆಗೆ ತಂದರಾಯಿತು. ಅವನ ಹಳೇ ಕಂಡಕ್ಟರ್ ಮಹೇಂದ್ರ ಬಸ್ಸಿನ ಮುಂಗಾಜಿಗೆ ಫೋನು ಸಿಕ್ಕಿಸಿ ಘಾಟಿಯನ್ನು ಉದ್ದಕ್ಕೂ ವಿಡಿಯೋ ಮಾಡಿಕೊಟ್ಟ. ಪ್ರೊಜೆಕ್ಟರ್ ಕೂರಿಸಲು ಎಲೆಕ್ಟ್ರಿಕಲ್ ಅಂಗಡಿಯ ಕಾಂತರಾಜ್ ಟೇಪು ಹಿಡಿದು ಬಂದ.

'ಪರದೆ ಎಷ್ಟಗಲ ಬೇಕು, ಉಗ್ರಪ್ಪಣ್ಣ?'

'ನನ್ನ ಬಸ್ಸಿನ ಮುಂಗಾಜು ಎಷ್ಟಿತ್ತೋ ಅಷ್ಟು.'

ಕಾಂತರಾಜ್ ಹಾಲ್ ಅಳೆದು ತಲೆ ಕೆರೆದುಕೊಂಡ. 'ಅದು ಹತ್ರತ್ರ ಎಂಟಡಿ ಆಯ್ತದೆ. ಪ್ರೊಜೆಕ್ಟರ್ ಗೋಡೆಯಿಂದ ದೂರ ಹೋದಷ್ಟೂ ಚಿತ್ರ ದೊಡ್ಡದಾಗೋದು. ಅಷ್ಟು ಅಗಲಕ್ಕೆ ಪ್ರೊಜೆಕ್ಟರ್‌ನ ಹಿಂದಿನ ಗೋಡೆ ಹತ್ರ ನೇತಾಕ್ಬೇಕು. ಅಷ್ಟು ದೊಡ್ಡ ಪರದೆಗೆ ನಿಮ್ಮ ಸೋಫಾ ತೀರಾ ಹತ್ರ ಆಗೋಯ್ತದೆ. ಐದಡಿ ಸಾಕು, ಕಣ್ಣಿಗೂ ಹಿತ.'

'ಲೇ, ಡ್ರೈವರ್ ಗಾಜಿಗೆ ಎಷ್ಟು ದೂರ ಕೂತ್ಕತಾನೆ? ಅಷ್ಟು ವರ್ಷ ಕೂತಿದ್ದೀನಿ, ನನ್ನ ಕಣ್ಣಿಗೇನಾಯ್ತು?'

ಕಾಂತರಾಜ್ ಟೇಪು ಸುತ್ತಿಟ್ಟ. ಎಂಟಡಿಗೇ ಕೂರಿಸಿ ಹೋದ.

ಭಾನುವಾರ ಮಧ್ಯಾಹ್ನ ಕಿಟಕಿಗಳಿಗೆ ಕಂಬಳಿ ಕಟ್ಟಿದರು. ಓಬಮ್ಮ ಒಳ್ಳೆಯ ಸೀರೆ ಉಟ್ಟು ಸೋಫಾದಲ್ಲಿ ಕೂತಳು. ಗೋಡೆಯ ತುಂಬ ಘಾಟಿ ಬಂತು. ಉಗ್ರಪ್ಪನ ಮೈ ಜುಮ್ಮೆಂದಿತು, ಬಲಗಾಲು ತಾನಾಗಿ ಬ್ರೇಕು ಹುಡುಕಿತು. ಮೊದಲನೇ ತಿರುವು ದಾಟಿತು. ಎರಡನೆಯದರಲ್ಲಿ ಓಬಮ್ಮ ಸೋಫಾದ ಕೈ ಹಿಡಿದಳು. ಮೂರನೆಯದಕ್ಕೆ ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಓಡಿದಳು. ಡೀಸೆಲ್ ವಾಸನೆಯಿಲ್ಲ, ಕುಲುಕಾಟವಿಲ್ಲ, ಆದರೂ ಬಸ್ಸಿನಲ್ಲಾಗುವುದೆಲ್ಲ ಮನೆಯೊಳಗೇ ಆಗಿಹೋಯಿತು.

'ನೀವು ನೋಡಿ. ನಾನು ಒಳಗೇ ಕೂತ್ಕಂಡಿರ್ತೀನಿ, ಆಮೇಲೆ ಹೇಳೋರಂತೆ' ಎಂದಳು ಮುಖ ತೊಳೆದುಕೊಂಡು. ಉಗ್ರಪ್ಪ ವಿಡಿಯೋ ನಿಲ್ಲಿಸಿದ. ಇಷ್ಟು ಕಾಲವೂ ಅವಳು ಮಾಡಿದ್ದು ಅದನ್ನೇ ತಾನೇ.

ಮರುದಿನ ಬಂದ ಕಾಂತರಾಜ್ ವಿಷಯ ಕೇಳಿ ಮೀಸೆಯಲ್ಲೇ ನಕ್ಕ. 'ಚಿತ್ರ ಕಣ್ತುಂಬಾ ಅಲ್ಲಾಡಿದ್ರೆ ಕೆಲವ್ರಿಗೆ ಹಂಗಾಯ್ತದೆ. ಸುತ್ತ ಗೋಡೆ ಕಾಣ್ತಿದ್ರೆ ತಲೆ ಸುತ್ತೋದು ಕಮ್ಮಿ' ಎಂದು ಪ್ರೊಜೆಕ್ಟರನ್ನು ಮುಂದಕ್ಕೆ ತಂದ. ಚಿತ್ರ ಐದಡಿಗೆ ಇಳಿಯಿತು, ಮೊದಲಿಗಿಂತ ಹೊಳಪೂ ಬಂತು. ವಿಡಿಯೋ ಓಡುತ್ತಿರುವಾಗಲೇ ಓಬಮ್ಮ ಹಿಂದೆ ಸರಿಯುತ್ತಾ ಸರಿಯುತ್ತಾ ಅಡುಗೆಮನೆ ಬಾಗಿಲ ಬಳಿ ನಿಂತಳು. 'ಇಲ್ಲಿ ಏನೂ ಆಗಂಗಿಲ್ಲ ಕಣಪ್ಪ.'

'ಇದೇನು ಆಟೋ ಗಾಜಿನಷ್ಟಾಗೋಯ್ತಲ್ಲೋ' ಎಂದು ಉಗ್ರಪ್ಪ ಗೊಣಗಿದ. ಅವನಿಗೆ ಬೇಜಾರಾಗದೆ ಇರಲಿಲ್ಲ. ಆದರೂ 'ಇರ್ಲಿ ಬಿಡು, ಹಿಂಗೇ ಬಿಗಿ ಮಾಡು' ಎಂದ. ಸೋಫಾವನ್ನು ತಾನೇ ಅಡುಗೆಮನೆ ಬಾಗಿಲಿಗೆ ಎಳೆದ.

ಕಾಂತರಾಜ್ ಹೋದ ಮೇಲೆ ಗಂಡ ಹೆಂಡತಿ ಪಕ್ಕಪಕ್ಕ ಕೂತು ಘಾಟಿ ಹತ್ತಿದರು. ಒಂದಾದ ಮೇಲೊಂದು ತಿರುವು ಬಂತು, ಓಬಮ್ಮನ ಹೊಟ್ಟೆ ತೆಪ್ಪಗಿತ್ತು. ಉಗ್ರಪ್ಪನಿಗೆ ಹಿಗ್ಗೋ ಹಿಗ್ಗು. 'ನೋಡು, ಆ ಬೆಟ್ಟ ನೋಡು. ಈಗ ಮಂಜು ಬತ್ತದೆ ನೋಡು' ಎಂದು ಪರದೆಗೆ ಬೆರಳು ತೋರಿಸುತ್ತಲೇ ಇದ್ದ. ವಿಡಿಯೋ ಮುಗಿಯಿತು. ಅವಳು ಸೋಫಾದ ಕೈಯನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದಳು.

'ಯಾಕೆ, ಚೆನ್ನಾಗಿಲ್ವಾ?'

'ಬೆಟ್ಟ ಯಾರು ನೋಡಿದ್ರು? ಒಂದು ಕಡೆ ಪ್ರಪಾತ, ಎದುರಿಗೆ ಲಾರಿ. ಅಷ್ಟು ಜನಾನ ಹಿಂದೆ ಕೂರಿಸ್ಕಂಡು ದಿನಾ ಇದ್ರಾಗೆ ಹೋಗಿ ಬತ್ತಿದ್ರಾ? ಮನೆಗೆ ಬಂದು ಬರೀ ಮಂಜಿನ ಕಥೆ ಹೇಳ್ತಿದ್ರಲ್ಲ.'

ಇದನ್ನು ಉಗ್ರಪ್ಪನನ್ನು ಇದುವರೆಗೆ ಯಾರೂ ಕೇಳಿರಲಿಲ್ಲ.

'ಅಭ್ಯಾಸ ಕಣೇ' ಎಂದ.

ಓಬಮ್ಮ ಅವನ ಬಲಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. 'ಇನ್ನೊಂದ್ಸಲ ಹಾಕಿ. ನಿಮಗೆ ಎಲ್ಲೆಲ್ಲಿ ಭಯ ಆಯ್ತಿತ್ತು, ಅದನ್ನ ಹೇಳ್ತಾ ಬನ್ನಿ.'

ಅವನು ಎಡಗೈಯಲ್ಲಿ ರಿಮೋಟ್ ಒತ್ತಿ, ಮೊದಲನೇ ತಿರುವಿನಿಂದಲೇ ಹೇಳತೊಡಗಿದ.