ಇಲ್ಲವಾದಲ್ಲಿ, ಅದರ ಕಾರಣ

ಶಹಾಬಾದದ ತಹಸೀಲ್ ಕಚೇರಿಯ ಎದುರಿಗೆ, ಬೇವಿನ ಮರದ ಕೆಳಗೆ ಕೂತು ಅರ್ಜಿ ಬರೆಯುವ ಹುಸ್ನಾ ಆಪಾ ಯಾರಿಗೂ ಹೆದರುವ ಪೈಕಿಯವಳಲ್ಲ. ಹಾಲಿನವನಿಗೆ ನೀರು ಎಷ್ಟು ಬೆರೆಸಿದ್ದೀ ಎಂದು ಮುಖದ ಮೇಲೇ ಕೇಳುತ್ತಾಳೆ. ಕಚೇರಿಯ ಜವಾನ ಚಹಾಕ್ಕೆಂದು ಕೈ ಒಡ್ಡಿದರೆ, 'ನಿಮ್ಮ ಸಾಹೇಬ್ರನ್ನ ಕೇಳಿ ಕೊಡ್ತೀನಿ, ನಡೀ' ಎಂದು ಅವನನ್ನೇ ಮುಂದೆ ಮಾಡಿಕೊಂಡು ಒಳಗೆ ನಡೆಯುತ್ತಾಳೆ. ಆದರೆ ನೋಡಿ, ಇಂಥ ಹೆಂಗಸು ಪೆನ್ನು ಹಿಡಿದಳೆಂದರೆ ಮುಗಿಯಿತು, ಕಾಗದದ ಮೇಲೆ ಉದ್ದಕ್ಕೆ ಅಡ್ಡ ಬೀಳುತ್ತಿದ್ದಳು. 'ತಮ್ಮ ಪಾದಕ್ಕೆ ಬಿದ್ದು ಬೇಡಿಕೊಳ್ಳುವುದೇನೆಂದರೆ' ಎಂದು ಶುರುವಾದ ಅರ್ಜಿ 'ತಮ್ಮ ಮಕ್ಕಳು ಮರಿ ಸುಖವಾಗಿರಲಿ' ಎಂಬಲ್ಲಿಗೆ ಹೋಗಿ ನಿಲ್ಲುತ್ತಿತ್ತು.

ಇದು ಆಕೆಯ ಅಪ್ಪ ಮಜೀದಸಾಬನ ಶೈಲಿ. ಮಜೀದಸಾಬ ಅದೇ ಮರದ ಕೆಳಗೆ ಅದೇ ಹಾಸುಗಲ್ಲಿನ ಮೇಜಿನ ಮುಂದೆ ಮೂವತ್ತೆರಡು ವರ್ಷ ಕೂತವನು. ಅವನು ತೀರಿದ ವಾರಕ್ಕೇ ಹುಸ್ನಾ ಬಂದು ಅಲ್ಲಿ ಕೂತಳು. ಹೆಂಗಸು ಇಲ್ಲಿ ಕೂಡುವುದೇ ಎಂದು ಗೊಣಗಿದವರೆಲ್ಲ ವರ್ಷ ತುಂಬುವುದರೊಳಗೆ ಆಕೆಯ ಹತ್ತಿರವೇ ಅರ್ಜಿ ಬರೆಸಿಕೊಂಡು ಹೋದರು. ಅಪ್ಪ ಆಕೆಗೆ ಕಲಿಸಿದ್ದು ಎರಡೇ ಸಂಗತಿ. ಒಂದು, ದೊಡ್ಡವರಿಗೆ ಬರೆಯುವಾಗ ಎಷ್ಟು ಬಗ್ಗಿದರೂ ಸಾಲದು. ಇನ್ನೊಂದು, ಬರೆದದ್ದಕ್ಕೆಲ್ಲ ಕಾರ್ಬನ್ ಪ್ರತಿ ಇಟ್ಟುಕೋ. ಜೆರಾಕ್ಸ್ ಬಂದು ಊರು ತುಂಬಿದರೂ ಹುಸ್ನಾ ಕಾರ್ಬನ್ ಬಿಡಲಿಲ್ಲ. ಮನೆಯಲ್ಲಿ ಕಾಲಿಡಲು ಜಾಗವಿಲ್ಲದಂತೆ ಏಳು ಟ್ರಂಕು ತುಂಬಿ ಕೂತಿದ್ದವು. ತಂಗಿ ಜಬೀನಾ ಪ್ರತಿ ರಂಜಾನಿಗೂ 'ಈ ಕಚರಾ ರದ್ದಿಗಿ ಹಾಕು' ಎನ್ನುವಳು, ಈಕೆ ಪ್ರತಿ ರಂಜಾನಿಗೂ ಕಿವುಡಿಯಾಗುವಳು.

ಮಾಣಿಕಮ್ಮನ ಸಂಗತಿ ಬಂದಾಗ ಈ ಎರಡೂ ಪಾಠಗಳಿಗೆ ಪರೀಕ್ಷೆ ಆಯಿತು.

ಮಾಣಿಕಮ್ಮ ಕಾಗಿಣಾ ಹೊಳೆಯ ದಂಡೆಯ ದಂಡೋತಿಯವಳು. ಗಂಡ ಸಿದ್ದಣ್ಣ ಶಹಾಬಾದದಲ್ಲಿ ಕಲ್ಲು ಕೊಯ್ಯುವ ಮಷೀನಿನ ಮೇಲೆ ದುಡಿಯುತ್ತಿದ್ದ. ಜೂನ್ ಹತ್ತೊಂಬತ್ತರ ಮಧ್ಯಾಹ್ನ ಬುತ್ತಿ ಬಿಚ್ಚಿದವನು ಎದೆ ಹಿಡಿದುಕೊಂಡು ಅಲ್ಲಿಯೇ ಕುಸಿದ. ಅವನ ಹೆಸರಿನಲ್ಲಿ ಎರಡು ಲಕ್ಷದ ಸರಕಾರಿ ವಿಮೆ ಇತ್ತು. ವರ್ಷಕ್ಕೊಮ್ಮೆ ಮೇ ಮೂವತ್ತೊಂದರೊಳಗೆ ನಾಲ್ಕುನೂರು ಚಿಲ್ಲರೆ ಕಂತನ್ನು ಬ್ಯಾಂಕೇ ಖಾತೆಯಿಂದ ಕಡಿದುಕೊಳ್ಳಬೇಕು, ಅದು ಒಪ್ಪಂದ. ಆ ವರ್ಷ ಖಾತೆಯಲ್ಲಿ ಮೇ ಇಪ್ಪತ್ತರಿಂದಲೇ ಸಾವಿರದ ನೂರು ರೂಪಾಯಿ ಇತ್ತು. ಬ್ಯಾಂಕು ಕಡಿದದ್ದು ಮಾತ್ರ ಜೂನ್ ಮೂರಕ್ಕೆ. ಆಮೇಲೆ ಏನು ಹೇಳಿತು ಕೇಳಿ: ಕಂತು ತಡವಾಗಿ ಬಂದಿದೆ, ಆದ್ದರಿಂದ ಇದು ಹೊಸ ವಿಮೆ, ಹೊಸ ವಿಮೆ ಮಾಡಿಸಿದ ಮೂವತ್ತು ದಿನದೊಳಗೆ ಸತ್ತರೆ ದುಡ್ಡಿಲ್ಲ! ತಡ ಮಾಡಿದವರು ತಾವು, ದಂಡ ತೆರಬೇಕಾದವಳು ಈ ಹೆಂಗಸು. ಮಗಳು ಪ್ರೀತಿ ಕಲಬುರಗಿಯಲ್ಲಿ ನರ್ಸಿಂಗ್ ಓದುತ್ತಿದ್ದಳು. ಜನವರಿ ಕೊನೆಯೊಳಗೆ ಎರಡನೇ ವರ್ಷದ ಫೀ ಕಟ್ಟದಿದ್ದರೆ ಹೆಸರು ಹೊಡೆದು ಹಾಕುತ್ತೇವೆ ಎಂದು ಕಾಲೇಜಿನವರು ಹೇಳಿದ್ದರು.

ಹುಸ್ನಾ ಬ್ಯಾಂಕಿಗೆ ಆರು ಅರ್ಜಿ ಬರೆದಳು. ಒಂದಕ್ಕಿಂತ ಒಂದು ಉದ್ದ, ಒಂದಕ್ಕಿಂತ ಒಂದರಲ್ಲಿ ಕಣ್ಣೀರು ಹೆಚ್ಚು. ಆರಕ್ಕೂ ಬಂದ ಉತ್ತರ ಒಂದೇ ಸಾಲು: ತಮ್ಮ ವಿನಂತಿಯನ್ನು ಪರಿಗಣಿಸಲು ಸಾಧ್ಯವಿಲ್ಲ. ಆರನೆಯದು ಬಂದ ದಿನ ಹುಸ್ನಾಳಿಗೆ ಊಟ ಸೇರಲಿಲ್ಲ. ಒಂದೇ ಮನೆಗೆ ತಾನು ಬರೆದದ್ದು ಆರು ಸಲ ಹೀಗೆ ಬರಿಗೈಲಿ ತಿರುಗಿ ಬಂದದ್ದು ಇದೇ ಮೊದಲು, ಬಹಳ ಅವಮಾನವಾಯಿತು.

ಸಂಸದರ ಕಚೇರಿ ನೋಡಿಕೊಳ್ಳುವ ಶೌಕತ ಅಲಿ ವಾಡಿ ಊರಿನವನು, ಹುಸ್ನಾಳಿಗೆ ದೂರದ ಸಂಬಂಧಿ. ಆಕೆ ಸೀದಾ ಅವನ ಮುಂದೆ ಹೋಗಿ ಕೂತಳು.

'ಆಪಾ, ಬ್ಯಾಂಕಿನವರಿಗಿ ಬರದು ಬರದು ಕೈ ಯಾಕ ಸವಸ್ತೀರಿ?' ಎಂದ ಅವನು. 'ಬ್ಯಾಂಕಿನ ಮ್ಯಾಲ ಹಣಕಾಸು ಮಂತ್ರಾಲಯ ಅದ. ಮಂತ್ರಾಲಯದ ಮ್ಯಾಲ ಸಂಸತ್ತು ಅದ. ನಮ್ಮ ಸಾಹೇಬ್ರು ಲೋಕಸಭಾದಾಗ ಪ್ರಶ್ನೆ ಹಾಕಿದ್ರ ಮಂತ್ರಿಗಳು ಉತ್ತರ ಕೊಡ್ಲೇಬೇಕು. ನೀವು ಪ್ರಶ್ನೆ ಬರದು ಕೊಡ್ರಿ, ಹಾಕಸೋದು ನಂದು ಜಿಮ್ಮಾ.'

ಹುಸ್ನಾ ಖುಷಿಯಿಂದ ಎರಡು ದಿನ ಕೂತು ಬರೆದಳು. ನಾಲ್ಕು ಪುಟ. ಸಿದ್ದಣ್ಣನ ಬಿಚ್ಚಿದ ಬುತ್ತಿ, ಪ್ರೀತಿಯ ಓದು, ಮಾಣಿಕಮ್ಮನ ಒಡೆದ ಬಳೆ, ಒಂದನ್ನೂ ಬಿಡಲಿಲ್ಲ. ಮೊದಲ ಸಾಲು ಗೊತ್ತಲ್ಲ, ಮಂತ್ರಿಗಳ ಪಾದಕ್ಕೆ ಬಿದ್ದದ್ದು.

ಮಾರನೇ ದಿನ ಶೌಕತ ಅಲಿಯ ಫೋನು ಬಂತು. ಅವನು ನಗುವುದನ್ನು ತಡೆದುಕೊಳ್ಳುತ್ತಿದ್ದದ್ದು ಆಕೆಗೆ ಕೇಳಿಸಿತು. 'ಆಪಾ, ಇದನ್ನ ಓದಿದ್ರ ಮಂತ್ರಿಗಳು ಅಳ್ತಾರ, ಉತ್ತರ ಕೊಡಂಗಿಲ್ಲ. ಪ್ರಶ್ನೆದಾಗ ಬೇಡಂಗಿಲ್ಲ, ಬೈಯಂಗಿಲ್ಲ, ಹೊಗಳಂಗಿಲ್ಲ. ನೂರೈವತ್ತು ಶಬ್ದದಾಗ ಮುಗಸ್ಬೇಕು. ಮತ್ತ ಒಬ್ಬಾಕಿ ಕಥಿ ನಡಿಯಂಗಿಲ್ಲ, ಎಷ್ಟು ಮಂದಿಗಿ ಹಿಂಗ ಆಗ್ಯಾದ ಅನ್ನೋದು ಬೇಕು.'

'ಬೇಡದೆ ಹ್ಯಾಂಗ ಬರೀಬೇಕೋ? ಅವರು ದೊಡ್ಡವರು!'

'ದೊಡ್ಡವರು ಹೌದು. ಖರೇ ಅವರು ಉತ್ತರ ಕೊಡೋ ಕುರ್ಚಿದಾಗ ಕುಂತಾರ, ಆಪಾ. ನೀವು ಕೇಳೋ ಕಡೆ ಇದ್ದೀರಿ.'

ಹುಸ್ನಾ ಫೋನು ಇಟ್ಟಳು. ಅವನ ಮೇಲೆ ಸಿಟ್ಟು ಬಂತು, ಅಪ್ಪನ ಮೇಲೂ ಒಂದಿಷ್ಟು ಬಂತು. ಆಮೇಲೆ ಎದ್ದು ಟ್ರಂಕಿನ ಬೀಗ ತೆಗೆದಳು.

ಎಷ್ಟು ಮಂದಿಗೆ ಹೀಗಾಗಿದೆ? ಬೇರೆ ಯಾರಾದರೂ ಈ ಪ್ರಶ್ನೆಗೆ ತಲೆ ಕೆರೆದುಕೊಳ್ಳುತ್ತಿದ್ದರು. ಹುಸ್ನಾಳ ಹತ್ತಿರ ಏಳು ಟ್ರಂಕು ಇದ್ದವು. ಮೂರು ವರ್ಷದ ಕಾರ್ಬನ್ ಪ್ರತಿಗಳನ್ನು ಜಬೀನಾಳನ್ನೂ ಕೂಡಿಸಿಕೊಂಡು ಹೆಕ್ಕಿದಾಗ, ಇದೇ ವಿಮೆ ತಪ್ಪಿದ ಹತ್ತೊಂಬತ್ತು ಮನೆ ಸಿಕ್ಕವು. ಆಮೇಲೆ ಆಕೆ ಬಸ್ಸು ಹತ್ತಿದಳು. ಚಿತ್ತಾಪುರದಲ್ಲಿ ಅರ್ಜಿ ಬರೆಯುವ ಭಾಗಣ್ಣ ಮಜೀದಸಾಬನ ಕೈಯಲ್ಲಿ ಕಲಿತವನು, ಅವನೂ ಪ್ರತಿ ಇಟ್ಟಿದ್ದ. ಸೇಡಂನಲ್ಲಿ ರಮಾಬಾಯಿ ಪ್ರತಿ ಇಟ್ಟಿರಲಿಲ್ಲ, ಆದರೆ ಯಾವ ಮನೆಯಲ್ಲಿ ಯಾರು ಯಾವಾಗ ಸತ್ತರೆಂಬುದು ಆಕೆಯ ನಾಲಿಗೆಯ ಮೇಲಿತ್ತು. ಚಿಂಚೋಳಿಯಲ್ಲಿ ಹಾಜಿಮಲಂಗ್ ತನ್ನ ಮೋಟಾರ್‌ಸೈಕಲ್ಲಿನ ಹಿಂದೆ ಕೂಡಿಸಿಕೊಂಡು ಗುಡ್ಡದ ಮೇಲಿನ ಊರುಗಳಿಗೆ ಕರೆದೊಯ್ದ, ಸೊಂಟ ನೋವಿನಿಂದ ಹುಸ್ನಾ ದಾರಿಯುದ್ದಕ್ಕೂ ಅವನನ್ನು ಬೈದಳು. ಮನೆ ಮನೆಯಲ್ಲಿ ಪಾಸ್‌ಬುಕ್ಕು ತೆರೆಸಿ ತಾರೀಖು ನೋಡಿದಳು. ಖಾತೆಯಲ್ಲಿ ದುಡ್ಡು ಇಲ್ಲದವರನ್ನು ಬಿಟ್ಟಳು. ದುಡ್ಡಿದ್ದೂ ಕಂತು ತಡವಾಗಿ ಕಡಿದ ಮನೆಗಳು ನಲವತ್ತೊಂದು ಉಳಿದವು.

ಅದು ಕೈಗೆ ಬಂದ ಮೇಲೆ ಪ್ರಶ್ನೆ ಬರೆಯಲು ಆಕೆಗೆ ಅರ್ಧ ತಾಸು ಸಾಕಾಯಿತು. ಶೌಕತ ಅಲಿ ಹಳೆಯ ಪ್ರಶ್ನೆಗಳ ಮಾದರಿ ಕೊಟ್ಟಿದ್ದ, ನಲವತ್ತೊಂದು ಮನೆಗಳ ಪಟ್ಟಿಯನ್ನು ಜೊತೆಗಿಟ್ಟು ಅದರಂತೆಯೇ ಬರೆದಳು:

ಹಣಕಾಸು ಸಚಿವರು ತಿಳಿಸುವರೇ: (ಅ) ಖಾತೆಯಲ್ಲಿ ಹಣವಿದ್ದರೂ ಬ್ಯಾಂಕುಗಳು ವಿಮೆಯ ಕಂತನ್ನು ತಡವಾಗಿ ಕಡಿದ ಪ್ರಕರಣಗಳು ಕಳೆದ ಮೂರು ವರ್ಷಗಳಲ್ಲಿ ಎಷ್ಟು, (ಆ) ಅವುಗಳಲ್ಲಿ ಮೃತರ ಕುಟುಂಬಕ್ಕೆ ಹಣ ನಿರಾಕರಿಸಿದವು ಎಷ್ಟು, (ಇ) ಬ್ಯಾಂಕು ಮಾಡಿದ ತಡಕ್ಕೆ ಖಾತೆದಾರ ಹೊಣೆಯೇ, (ಈ) ಹಾಗಿದ್ದಲ್ಲಿ, ಅದರ ವಿವರ, ಇಲ್ಲವಾದಲ್ಲಿ, ಅದರ ಕಾರಣ?

ಆ ಕೊನೆಯ ಸಾಲು ಆಕೆಗೆ ಎಷ್ಟು ಹಿಡಿಸಿತೆಂದರೆ ಬಾಯಿಪಾಠವೇ ಆಗಿಹೋಯಿತು. ತರಕಾರಿಯವನು ಇವತ್ತು ಮೆಂತ್ಯ ಇಲ್ಲ ಎಂದರೆ, 'ಇಲ್ಲವಾದಲ್ಲಿ, ಅದರ ಕಾರಣ?' ಜಬೀನಾ ಚಹಾಕ್ಕೆ ಸಕ್ಕರೆ ಹಾಕದಿದ್ದರೆ, 'ಅದರ ಕಾರಣ?' ಮಾಣಿಕಮ್ಮ ವಾರಕ್ಕೊಮ್ಮೆ ದಂಡೋತಿಯಿಂದ ಬಂದು ಮರದ ಕೆಳಗೆ ಕೂಡುತ್ತಿದ್ದಳು. ಹುಸ್ನಾ ಆಕೆಗೆ ಪ್ರಶ್ನೆಯನ್ನು ಇಡಿಯಾಗಿ ಓದಿ ಹೇಳುವಳು. ಓದು ಬಾರದ ಮಾಣಿಕಮ್ಮ ತಲೆಯಾಡಿಸುತ್ತ ಕೇಳಿಕೊಳ್ಳುವಳು, 'ಇನ್ನೊಮ್ಮಿ ಓದ್ರಿ ಆಪಾ' ಎನ್ನುವಳು.

ದಿಲ್ಲಿಯಲ್ಲಿ ಪ್ರಶ್ನೆಗಳಿಗೂ ಚೀಟಿ ಎತ್ತುತ್ತಾರಂತೆ. ಮೊದಲ ವಾರ ಇವರ ಚೀಟಿ ಬರಲಿಲ್ಲ. ಎರಡನೆಯ ವಾರ ಬಂತು. ಡಿಸೆಂಬರಿನ ಒಂದು ಸೋಮವಾರ ಶೌಕತ ಅಲಿ ಉತ್ತರವನ್ನು ಫೋನಿನಲ್ಲಿ ಕನ್ನಡ ಮಾಡಿ ಓದಿದ. ಅ ಮತ್ತು ಆ: ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದ್ದು ಸದನದ ಮುಂದೆ ಇಡಲಾಗುವುದು. ಇ: ಖಾತೆಯಲ್ಲಿ ಹಣವಿದ್ದು ಬ್ಯಾಂಕು ತಡಮಾಡಿದಲ್ಲಿ ಖಾತೆದಾರನನ್ನು ಹೊಣೆ ಮಾಡುವಂತಿಲ್ಲ. ಈ: ಮೇಲಿನ ಉತ್ತರದ ಹಿನ್ನೆಲೆಯಲ್ಲಿ ಪ್ರಶ್ನೆ ಉದ್ಭವಿಸುವುದಿಲ್ಲ.

'ಉದ್ಭವಿಸಂಗಿಲ್ಲ ಅಂದ್ರೇನೋ!' ಎಂದು ಹುಸ್ನಾ ರೇಗಿದಳು. 'ಎಣಿಕಿ ಎಲ್ಲದ? ನಾ ಒಬ್ಬಾಕಿ ಬಸ್ಸಿನಾಗ ತಿರುಗಿ ನಲವತ್ತೊಂದು ಎಣಿಸೀನಿ, ಅವರಿಗಿ ಇನ್ನಾ ಸಂಗ್ರಹ ಆಗವಲ್ದಾ?'

'ಆಪಾ, ಜರಾ ಸಮಾಧಾನ. ಸದನದಾಗ ಇಡ್ತೀವಿ ಅಂದದ್ದು ಮಾತು ಕೊಟ್ಟಂಗ. ಮೂರು ತಿಂಗಳದಾಗ ಇಡಬೇಕು, ಇಲ್ಲಂದ್ರ ಅದನ್ನ ಕೇಳ್ಲಿಕ್ಕಂತ ಬ್ಯಾರೇ ಸಮಿತಿನೇ ಅದ. ನೀವು ಮೊದಲ "ಇ" ಹಿಡಕೊಂಡು ಬ್ಯಾಂಕಿಗಿ ಹೋಗ್ರಿ.'

ಹುಸ್ನಾ ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ತಿಂಗಳು ಎಣಿಸಿ ಮಾರ್ಚಿನ ಒಂದು ದಿನಕ್ಕೆ ಕೆಂಪು ಸುತ್ತು ಹಾಕಿದಳು. ಮರುದಿನ ಉತ್ತರದ ಪ್ರತಿಯನ್ನು ತೆಗೆಸಿಕೊಂಡು ಮಾಣಿಕಮ್ಮನ ಜೊತೆ ಬ್ಯಾಂಕಿಗೆ ಹೋದಳು.

ಮ್ಯಾನೇಜರು ಕೆಟ್ಟ ಮನುಷ್ಯನೇನಲ್ಲ, ಮೇಲಿನವರಿಗೆ ಹೆದರುವವನು ಅಷ್ಟೇ. ಕಾಗದವನ್ನು ಎರಡು ಸಲ ಓದಿದ. 'ಇದು ಸಂಸತ್ತಿನಾಗ ಕೊಟ್ಟ ಉತ್ತರ, ಅಮ್ಮಾ. ನಮಗ ಮ್ಯಾಲಿಂದ ಆದೇಶ ಬರ್ಬೇಕು. ಒಂದು ಕೆಲಸ ಮಾಡ್ರಿ, ವಿನಂತಿ ಮಾಡಿ ಒಂದು ಅರ್ಜಿ ಬರದು ಕೊಟ್ಟು ಹೋಗ್ರಿ. ಕಳಸ್ತೀನಿ.'

ಅರ್ಜಿ! ಅಂದದ್ದೇ ತಡ ಹುಸ್ನಾಳ ಕೈ ತಾನಾಗಿಯೇ ಚೀಲದೊಳಗಿನ ಪೆನ್ನಿಗೆ ಹೋಯಿತು. ಕಾಗದ ಹೊರಗೆ ಬಂತು, ಕಾರ್ಬನ್ನೂ ಬಂತು. ತಮ್ಮ ಪಾದಕ್ಕೆ ಎಂಬಷ್ಟು ಬರೆದೂ ಬಿಟ್ಟಿದ್ದಳು. ಇಷ್ಟೆಲ್ಲ ತಿರುಗಿ, ಇಷ್ಟೆಲ್ಲ ಕಲಿತು, ಕೊನೆಗೆ ಏಳನೆಯ ಅರ್ಜಿ! ಆಕೆಗೆ ತನ್ನ ಕೈ ಕಂಡೇ ನಾಚಿಕೆಯಾಯಿತು, ಆದರೂ ಕೈ ನಿಲ್ಲಲಿಲ್ಲ.

ಅಷ್ಟರಲ್ಲಿ ಪಕ್ಕದಲ್ಲಿ ಕುರ್ಚಿ ಎಳೆದ ಸದ್ದಾಯಿತು. ಆ ಕೋಣೆಗೆ ಬಂದಾಗಲೆಲ್ಲ ಗೋಡೆಗೆ ಒತ್ತಿ ಕೈಮುಗಿದು ನಿಲ್ಲುತ್ತಿದ್ದ ಮಾಣಿಕಮ್ಮ ಮ್ಯಾನೇಜರನ ಎದುರಿಗೆ ಕೂತಿದ್ದಳು.

'ಆಪಾ, ಬರೀಬ್ಯಾಡ್ರಿ,' ಎಂದಳು. ಆಮೇಲೆ ಮ್ಯಾನೇಜರನ ಕಡೆ ತಿರುಗಿದಳು. 'ಸಾಹೇಬ್ರ, ಮೇ ತಿಂಗಳದಾಗ ನನ್ನ ಗಂಡನ ಖಾತೆದಾಗ ರೊಕ್ಕ ಇತ್ತೋ ಇಲ್ಲೋ?'

'ಇತ್ತು.'

'ಕಂತು ಕಡಿಯೋ ಕೆಲಸ ಯಾರದ್ರಿ?'

ಮ್ಯಾನೇಜರು ಕನ್ನಡಕ ತೆಗೆದು ಒರೆಸಿದ. 'ಬ್ಯಾಂಕಿನದು.'

'ಹಂಗಾದ್ರ ನಮ್ಮ ರೊಕ್ಕ ಎಂದು ಕೊಡ್ತೀರಿ, ತಾರೀಖು ಹೇಳ್ರಿ. ಕೊಡಂಗಿಲ್ಲ ಅಂದ್ರ ಕಾರಣ ಏನಂತ ಈ ಕಾಗದದ ಕೆಳಗ ಬರದು, ನಿಮ್ಮ ಸಹಿ ಹಾಕಿ ಕೊಡ್ರಿ. ನಮ್ಮ ಆಪಾ ದಿಲ್ಲಿಗಿ ಕಳಸ್ತಾರ.'

ಮ್ಯಾನೇಜರು ಕಾಗದ ನೋಡಿದ, ಪೆನ್ನು ನೋಡಿದ. ಖಾತೆದಾರ ಹೊಣೆಯಲ್ಲ ಎಂದು ಮಂತ್ರಿಯೇ ಹೇಳಿದ ಸಾಲಿನ ಕೆಳಗೆ ಹೊಣೆ ಎಂದು ಬರೆದು ಸಹಿ ಹಾಕುವ ಧೈರ್ಯ ಯಾರಿಗಿದೆ? ಅವನು ಪೆನ್ನು ಕೆಳಗಿಟ್ಟು ಫೋನು ಎತ್ತಿದ. ಮೇಲಿನ ಕಚೇರಿಯವರೊಡನೆ ಹದಿನೈದು ನಿಮಿಷ ಮಾತಾಡಿದ. ಮಾಣಿಕಮ್ಮ ಅಷ್ಟು ಹೊತ್ತೂ ಕುರ್ಚಿ ಬಿಟ್ಟು ಏಳಲಿಲ್ಲ.

'ಕಡತ ಮತ್ತ ತೆಗೀತೀವಿ, ಅಮ್ಮಾ,' ಎಂದ ಫೋನಿಟ್ಟು. 'ಜನವರಿ ಇಪ್ಪತ್ತರೊಳಗ ಆಗ್ತದ.' ಆಮೇಲೆ ಹುಸ್ನಾಳ ಕಡೆ ನೋಡಿ, 'ಚೆನ್ನಾಗಿ ಹೇಳಿಕೊಟ್ಟೀರಿ ಬಿಡ್ರಿ' ಎಂದ.

'ಅಲ್ಲಾ ಕಸಮ್, ನಾ ಹೇಳಿಕೊಟ್ಟಿಲ್ರಿ,' ಎಂದಳು ಹುಸ್ನಾ. 'ಆ ಪ್ರಶ್ನೆ ಆಕೀದು.'

ದುಡ್ಡು ಹದಿನೆಂಟಕ್ಕೇ ಬಂತು. ಪ್ರೀತಿಯ ಫೀ ಕಟ್ಟಿದ ರಸೀದಿಯನ್ನು ಮಾಣಿಕಮ್ಮ ತಂದು ಹಾಸುಗಲ್ಲಿನ ಮೇಲೆ ಇಟ್ಟಾಗ ಹುಸ್ನಾ ಅದನ್ನು ಮೂರು ಸಲ ಓದಿದಳು. ಇಬ್ಬರೂ ಅತ್ತರು, ಆಮೇಲೆ ಇಬ್ಬರೂ ಚಹಾ ಕುಡಿದರು.

ಕೆಂಪು ಸುತ್ತು ಹಾಕಿದ ದಿನ ಬಂತು. ಎಣಿಕೆ ಇನ್ನೂ ಸದನಕ್ಕೆ ಬಂದಿರಲಿಲ್ಲ. ಹುಸ್ನಾ ಬೆಳಿಗ್ಗೆ ಮರದ ಕೆಳಗೆ ಬರುವಷ್ಟರಲ್ಲಿ ಮಾಣಿಕಮ್ಮ ಕೂತಿದ್ದಳು. ಆಕೆಯ ಹಿಂದೆ ಚಿತ್ತಾಪುರ, ಸೇಡಂ, ಚಿಂಚೋಳಿಯ ಕಡೆಯ ಹೆಂಗಸರು ಪಾಸ್‌ಬುಕ್ಕು ಹಿಡಿದು ಸಾಲಾಗಿ ಕೂತಿದ್ದರು. ಮಾಣಿಕಮ್ಮನೇ ಅವರನ್ನೆಲ್ಲ ಕರೆಸಿದ್ದಳಂತೆ. ತನ್ನ ಕೆಲಸ ಮುಗಿದಿದ್ದರೂ ಬಸ್‌ಚಾರ್ಜು ತೆತ್ತು ಬಂದಿದ್ದಳು.

ಅವರಲ್ಲಿ ಒಬ್ಬ ಮುದುಕಿ ಎದ್ದು ಬಂದು, ಹುಸ್ನಾಳ ಕಾಲು ಮುಟ್ಟಲು ಬಗ್ಗಿದಳು. 'ಯವ್ವಾ, ನಂದೊಂದು ಅರ್ಜಿ ಬರದು ಕೊಡು, ಬೇಡಿಕೋತೀನಿ.'

ಹುಸ್ನಾ ಬಾಯಿ ತೆರೆಯುವ ಮೊದಲೇ ಮಾಣಿಕಮ್ಮ ಮುದುಕಿಯ ರಟ್ಟೆ ಹಿಡಿದು ಎತ್ತಿದಳು. 'ಕುಂದ್ರಬೇ ಯಮ್ಮಾ, ಇಲ್ಲೇ ಮ್ಯಾಲ ಕುಂದ್ರು,' ಎಂದು ಆಕೆಯನ್ನು ಸ್ಟೂಲಿನ ಮೇಲೆ ಕೂಡಿಸಿದಳು. 'ಇಲ್ಲಿ ಯಾರೂ ಬೇಡಂಗಿಲ್ಲ. ಏನು ಕೇಳ್ತಿ, ಅದನ್ನ ಹೇಳು.'